50 ಎಂಎಂ ಪ್ರೈಮ್: ಎಫ್ 1.8 ಸಾಕಾ, ದುಬಾರಿಯದ್ದೇ ಬೇಕಾ?

50 ಎಂಎಂ ಪ್ರೈಮ್, ಅಂದರೆ ಜೂಮ್ ಇಲ್ಲದ ಲೆನ್ಸ್, ಕೊಳ್ಳುವ ಮೊದಲು ದುಡ್ಡು ಖರ್ಚಾಗದ ಒಂದು ಕೆಲಸ ಮಾಡಿ. ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸನ್ನು 50ಕ್ಕೆ ತಿರುಗಿಸಿ, ಜೂಮ್ ರಿಂಗ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಒಂದು ವಾರ ಹಾಗೇ ಬಿಡಿ. ಮನೆ, ಪೇಟೆ, ದೇವಸ್ಥಾನದ ಅಂಗಳ, ಮಕ್ಕಳ ಆಟ, ಎಲ್ಲವನ್ನೂ ಅದರಲ್ಲೇ ತೆಗೆಯಿರಿ.

ಯಾಕೆ ಹೇಳುತ್ತೇನೆ ಅಂದರೆ, ಎಫ್ 1.8 ಬೇಕಾ 1.4 ಬೇಕಾ (ಈ ಅಂಕಿ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಬಿಡುತ್ತದೆ) ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ಎಷ್ಟೋ ಜನರಿಗೆ ನಿಜವಾಗಿ ಬೇಕಾಗಿರುವುದು 50 ಎಂಎಂ ಅಲ್ಲವೇ ಅಲ್ಲ. ಕ್ರಾಪ್ ಸೆನ್ಸರ್, ಅಂದರೆ ಫಿಲ್ಮ್ ಅಳತೆಯ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್ ಇರುವ ಕ್ಯಾಮೆರಾ ಬಾಡಿಗೆ 50 ಹಾಕಿದರೆ ಕ್ಯಾನನ್‌ನಲ್ಲಿ ಅದು ಫುಲ್ ಫ್ರೇಮ್‌ನ 80ರ ಹಾಗೆ, ನಿಕಾನ್ ಮತ್ತು ಸೋನಿಯಲ್ಲಿ 75ರ ಹಾಗೆ ಕಾಣುತ್ತದೆ. ಹಾಲ್‌ನಲ್ಲಿ ಕೂತ ನಾಲ್ಕು ಜನರನ್ನು ಒಂದೇ ಫೋಟೊದಲ್ಲಿ ಹಿಡಿಯಲು ಹೋದರೆ ನಿಮ್ಮ ಬೆನ್ನು ಗೋಡೆಗೆ ತಾಗುತ್ತದೆ. ವಾರವಿಡೀ ಹಿಂದೆ ಹಿಂದೆ ಸರಿಯುತ್ತಲೇ ಇದ್ದರೆ ಕ್ಯಾನನ್‌ನವರು ಇಎಫ್-ಎಸ್ 24 ಎಂಎಂ ಎಫ್ 2.8, ನಿಕಾನ್‌ನವರು ಡಿಎಕ್ಸ್ 35 ಎಂಎಂ ಎಫ್ 1.8 ನೋಡಿ. ಎರಡೂ ಚಿಕ್ಕವು, ದುಬಾರಿಯಲ್ಲ. 50 ಹಿಡಿಸಿತು ಅಂದರೆ ಮುಂದೆ ಓದಿ.

ನಾನು ಹೆಚ್ಚಾಗಿ ಫೋಟೊ ತೆಗೆಯುವುದು ಯಕ್ಷಗಾನದ ಚೌಕಿಯಲ್ಲಿ. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗ ಅದು. ಸಾಲಾಗಿ ಪೆಟ್ಟಿಗೆಗಳು, ಕೈಯಲ್ಲಿ ಕನ್ನಡಿ, ಮೇಲೆ ಒಂದೆರಡು ಬಲ್ಬು, ಅಷ್ಟೇ ಬೆಳಕು. ಅಲ್ಲಿ ಫ್ಲ್ಯಾಶ್ ಹಾರಿಸುವುದು ನನಗೆ ಸರಿ ಕಾಣುವುದಿಲ್ಲ. ಕಣ್ಣಿನ ಅಂಚಿಗೆ ಗೆರೆ ಎಳೆಯುತ್ತಿರುವ ಕೈ ಬೆಚ್ಚಿ ಬೀಳಬಾರದು, ಅಲ್ವಾ? ಲೆನ್ಸ್‌ನ ಲೆಕ್ಕ ನನಗೆ ಅರ್ಥವಾಗಿದ್ದೂ ಅಲ್ಲೇ.

ಕಿಟ್ ಲೆನ್ಸ್ 55ರ ತುದಿಯಲ್ಲಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಶಟರ್ ಸೆಕೆಂಡಿನ 1/125 ಇಟ್ಟಾಗ ಅದಕ್ಕೆ ಐಎಸ್‌ಒ 12800 ಬೇಕು ಎಂದುಕೊಳ್ಳಿ (ಕಡಿಮೆ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಮಟ್ಟವೇ ಐಎಸ್‌ಒ, ಏರಿದಷ್ಟೂ ಫೋಟೊ ಒರಟಾಗುತ್ತದೆ). ಅದೇ ಬೆಳಕಿನಲ್ಲಿ, ಅದೇ ಶಟರ್‌ನಲ್ಲಿ ಎಫ್ 1.8 ಲೆನ್ಸ್‌ಗೆ ಸುಮಾರು 1250 ಸಾಕು. ಎಫ್ 1.4 ಲೆನ್ಸ್‌ಗೆ 800. ಎಫ್ 1.2ಕ್ಕೆ 600ರ ಹತ್ತಿರ. ಈ ನಾಲ್ಕು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಕಿಟ್‌ನಿಂದ 1.8ಕ್ಕೆ ಬಂದಾಗ ಹತ್ತು ಪಟ್ಟು ಹತ್ತಿರ ಬೆಳಕು ಸಿಗುತ್ತದೆ. 1.8ರಿಂದ 1.4ಕ್ಕೆ ಹೋದಾಗ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ. 12800ರ ಫೋಟೊದಲ್ಲಿ ಚರ್ಮವೆಲ್ಲ ಮರಳು ಚೆಲ್ಲಿದಂತೆ ಕಾಣುತ್ತದೆ, 1250ರದ್ದು ಚೆನ್ನಾಗಿ ಪ್ರಿಂಟ್ ಆಗುತ್ತದೆ. ಆದರೆ 1250ಕ್ಕೂ 800ಕ್ಕೂ ಇರುವ ವ್ಯತ್ಯಾಸವನ್ನು ಪಕ್ಕಪಕ್ಕ ಇಟ್ಟು ಹುಡುಕಬೇಕು. ದೊಡ್ಡ ಲಾಭವೆಲ್ಲ ಅಗ್ಗದ ಲೆನ್ಸ್‌ನಲ್ಲೇ ಬಂದಾಗಿದೆ.

ಅಗ್ಗ ಅಂದರೆ ಕಳಪೆ ಇರಬಹುದು ಎಂಬ ಅನುಮಾನ ಬರುವುದು ಸಹಜ. 50 ಎಂಎಂ ವಿಷಯದಲ್ಲಿ ಅದು ನಿಜವಲ್ಲ. ಪಾಲ್ ರುಡಾಲ್ಫ್ ಎಂಬವರು 1896ರಲ್ಲಿ ಜೈಸ್ ಕಂಪನಿಯಲ್ಲಿ ಪ್ಲಾನಾರ್ ಎಂಬ ಲೆನ್ಸ್ ರೂಪಿಸಿದರು. ನಡುವಿನ ಅಪರ್ಚರ್‌ನ (ಬೆಳಕು ಒಳಬಿಡುವ ಕಿಂಡಿ) ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಥರ ಗಾಜು ಜೋಡಿಸುವ ವಿನ್ಯಾಸ. ಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಕಾಲದ ಬಹುಪಾಲು 50 ಎಂಎಂ ಲೆನ್ಸ್‌ಗಳು ಇದೇ ದಾರಿಯವು. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಮೌಂಟ್‌ನಿಂದ (ಲೆನ್ಸ್ ಕೂರುವ ಬಳೆ) ಸೆನ್ಸರ್‌ಗೆ 44 ಎಂಎಂ ದೂರ. 50 ಅದಕ್ಕಿಂತ ಉದ್ದವಾದ್ದರಿಂದ ಈ ಸರಳ ವಿನ್ಯಾಸವೇ ಕನ್ನಡಿಗೆ ತಾಗದೆ ಕೂರುತ್ತದೆ, ಆರೇ ಗಾಜಿನಲ್ಲಿ ಕೆಲಸ ಮುಗಿಯುತ್ತದೆ. 24 ಅಥವಾ 35ಕ್ಕೆ ಹೋದರೆ ಬೆಳಕನ್ನು ಹಿಂದಕ್ಕೆ ತಳ್ಳಲು ಬೇರೆ ಗಾಜುಗಳು ಬೇಕು, ಬೆಲೆಯೂ ಏರಬಹುದು. ಹಾಗಾಗಿ 50ರ 1.8 ಅಗ್ಗವಾಗಿರುವುದು ಗಾಜಿನಲ್ಲಿ ಮೋಸ ಮಾಡಿ ಅಲ್ಲ. ಉಳಿತಾಯ ಆಗಿರುವುದು ಹೊರಕವಚ, ಮೋಟಾರು, ಕಿಂಡಿ ತೆರೆದು ಮುಚ್ಚುವ ಅಪರ್ಚರ್ ಎಲೆಗಳು, ನೀರು-ಧೂಳು ತಡೆ ಇಂಥವುಗಳಲ್ಲಿ.

ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಇಎಫ್ ಸರಣಿಯನ್ನೇ ತೆಗೆದುಕೊಳ್ಳೋಣ, ಸೆಕೆಂಡ್ ಹ್ಯಾಂಡ್‌ನಲ್ಲಿ ನಮ್ಮಲ್ಲಿ ಅದು ತುಂಬಾ ಓಡಾಡುತ್ತದೆ. 1990ರ 50 ಎಂಎಂ 1.8 ಎರಡನೇ ಆವೃತ್ತಿಗೆ ಮೌಂಟ್ ಕೂಡ ಪ್ಲಾಸ್ಟಿಕ್, ಎಲೆ ಐದೇ, ಫೋಕಸ್ ಹೊಂದುವಾಗ ಗರಗರ ಸದ್ದು. ಸ್ವಲ್ಪ ಅಪರ್ಚರ್ ಮುಚ್ಚಿದರೆ ಹಿಂದಿನ ದೀಪಗಳು ಐದು ಮೂಲೆಯ ಬಿಲ್ಲೆಗಳಾಗುತ್ತವೆ. ಹಳೆಯದು ತೀರಾ ಕಡಿಮೆಗೆ ಸಿಕ್ಕಿದರೆ ಮಾತ್ರ ತಗೊಳ್ಳಿ. 2015ರಲ್ಲಿ ಬಂದ ಎಸ್‌ಟಿಎಂ ಆವೃತ್ತಿ ಪೂರಾ ಬೇರೆ ಮಾತು: ಲೋಹದ ಮೌಂಟ್, ಏಳು ಎಲೆ, ಮೆತ್ತಗೆ ಚಲಿಸುವ ಮೋಟಾರು, ತೂಕ 160 ಗ್ರಾಂ. 35 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುತ್ತದೆ.

ಇದರ ಮೇಲಿನ ಮೆಟ್ಟಿಲು 1993ರ ಎಫ್ 1.4 ಯುಎಸ್‌ಎಂ. 290 ಗ್ರಾಂ, ಎಂಟು ಎಲೆ, ಕೈಗೆ ಗಟ್ಟಿಯಾಗಿ ಸಿಗುತ್ತದೆ. ಆದರೆ 45 ಸೆಂಟಿಮೀಟರ್‌ಗಿಂತ ಹತ್ತಿರ ಹೋಗುವುದಿಲ್ಲ. ಬಣ್ಣದ ವೇಷದವರು (ರಾಕ್ಷಸ ಪಾತ್ರಧಾರಿಗಳು) ಮುಖಕ್ಕೆ ಅಕ್ಕಿ ಹಿಟ್ಟಿನ ಉಬ್ಬು ಚುಕ್ಕಿಗಳ ಚುಟ್ಟಿ ಇಡುವಾಗ ಮುಖದ ಒಂದು ತುಣುಕನ್ನಷ್ಟೇ ತುಂಬಿಸಿ ತೆಗೆಯಬೇಕು ಅನಿಸಿದರೆ ಅಗ್ಗದ ಎಸ್‌ಟಿಎಂ ಇದಕ್ಕಿಂತ ಹತ್ತಿರ ಕರೆದುಕೊಂಡು ಹೋಗುತ್ತದೆ. ಅದೂ ಅಲ್ಲದೆ 1.4ರ ಮುಂದಿನ ಕೊಳವೆ ಹೊರಗೆ ಚಾಚಿರುವಾಗ ಪೆಟ್ಟು ಬಿದ್ದರೆ ಫೋಕಸ್ ಸಿಕ್ಕಿಕೊಳ್ಳುವ ತೊಂದರೆ ಇದೆ, ಇದು ಬಳಸುವವರಿಗೆಲ್ಲ ಗೊತ್ತಿರುವ ವಿಷಯ. ಇನ್ನು 1.4ರಲ್ಲೇ ಪೂರ್ತಿ ತೆರೆದು ತೆಗೆದರೆ ಅಂಚುಗಳ ಸುತ್ತ ಮಂಜು ಹಿಡಿದಂತೆ ಮೃದುವಾಗುತ್ತದೆ, ಚುರುಕು ಬೇಕೆಂದು 2ಕ್ಕೋ 2.2ಕ್ಕೋ ಮುಚ್ಚುತ್ತೀರಿ. ಹಾಗೆ ಮುಚ್ಚುವುದೇ ಆದರೆ ಹೆಚ್ಚು ಕೊಟ್ಟಿದ್ದು ಯಾವುದಕ್ಕೆ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಈ ಮಧ್ಯದ ಮೆಟ್ಟಿಲಿನಲ್ಲಿ ನಿಲ್ಲಬೇಡಿ. ಒಂದೋ 1.8ರಲ್ಲಿ ಇರಿ, ಇಲ್ಲವೇ ಕಾರಣ ಗಟ್ಟಿಯಿದ್ದರೆ ಪೂರ್ತಿ ಮೇಲಕ್ಕೆ ಹೋಗಿ. ಈ ಮಾತು ಎಲ್ಲ ಕಂಪನಿಗಳ 1.4ಕ್ಕೂ ಅಲ್ಲ, ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳ 1.4ಗಳು ಬೇರೆ ವಿನ್ಯಾಸದವು.

ಹಾಗಾದರೆ ಲಕ್ಷ ದಾಟುವ ಲೆನ್ಸ್ ಯಾರಿಗೆ? ಮಿರರ್‌ಲೆಸ್‌ಗಾಗಿ 2018ರಲ್ಲಿ ಬಂದ ಕ್ಯಾನನ್ ಆರ್‌ಎಫ್ 50 ಎಂಎಂ ಎಫ್ 1.2 ಎಲ್ ನೋಡಿ. 950 ಗ್ರಾಂ, ಹತ್ತಿರ ಹತ್ತಿರ ಒಂದು ಕೆಜಿ. ಅದೇ ಮೌಂಟ್‌ನ 1.8 ಎಸ್‌ಟಿಎಂ 160 ಗ್ರಾಂ. ಆ ತೂಕದಲ್ಲಿರುವ ಗಾಜು ಒಂದು ಕೆಲಸವನ್ನು ನಿಜವಾಗಿ ಮಾಡುತ್ತದೆ. ಪೂರ್ತಿ ತೆರೆದಾಗಲೂ ಫೋಟೊ ಚುರುಕಾಗಿರುತ್ತದೆ, ಮೂಲೆಯವರೆಗೂ. ಅಗ್ಗದ ಲೆನ್ಸ್ ಪೂರ್ತಿ ತೆರೆದಾಗ ಕಿರೀಟದ ಹೊಳೆಯುವ ಚೂರುಗಳ ಸುತ್ತ, ಜರಿ ಅಂಚಿನ ಸುತ್ತ, ಫೋಕಸ್‌ನ ಮುಂದೆ ನೇರಳೆ, ಹಿಂದೆ ಹಸಿರು ಬಣ್ಣದ ಗೆರೆ ಕಾಣಿಸುತ್ತದೆ. ಒಳ್ಳೆಯ ಲೆನ್ಸ್‌ನಲ್ಲಿ ಅದು ಕಡಿಮೆ. ಮಳೆ, ಧೂಳಿಗೆ ತಡೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ, ಮಲೆನಾಡಿನಲ್ಲಿ ಹೊರಗೆ ಕೆಲಸ ಮಾಡುವವರಿಗೆ ಅದೊಂದೇ ಕಾರಣ ಸಾಕಾಗಬಹುದು. ಮದುವೆ ಫೋಟೊಗ್ರಫಿಯೇ ಹೊಟ್ಟೆಪಾಡಾಗಿದ್ದರೆ, ಧಾರೆಯ ಕ್ಷಣ ಎರಡನೇ ಸಲ ಬರುವುದಿಲ್ಲ ಎಂದು ಗೊತ್ತಿದ್ದರೆ, ನಂಬಿಕೆಯ ಮೋಟಾರಿಗೆ ದುಡ್ಡು ಕೊಡುವುದು ದುಂದು ಅಲ್ಲ.

ಆದರೆ ಬರೀ ಹಿನ್ನೆಲೆ ಇನ್ನೂ ಮಸುಕಾಗಲಿ ಎಂದು ಮೇಲೆ ಹೋಗುವವರು ಸ್ವಲ್ಪ ತಡೆಯಿರಿ. ಕ್ರಾಪ್ ಬಾಡಿಯಲ್ಲಿ 50 ಹಾಕಿ ಒಂದೂವರೆ ಮೀಟರ್ ದೂರದ ಮುಖವನ್ನು ತೆಗೆದರೆ 1.8ರಲ್ಲಿ ಸ್ಪಷ್ಟವಾಗಿ ಬರುವುದು ಸುಮಾರು 6 ಸೆಂಟಿಮೀಟರ್ ಆಳ ಮಾತ್ರ. 1.4ರಲ್ಲಿ ನಾಲ್ಕೂವರೆ. ಮೂಗಿನ ತುದಿಯಿಂದ ಕಿವಿಯವರೆಗಿನ ದೂರ ಇದಕ್ಕಿಂತ ಜಾಸ್ತಿ. ಈಗಲೇ ಕಣ್ಣಿನ ಬದಲು ಹುಬ್ಬಿಗೋ ಮೂಗಿಗೋ ಫೋಕಸ್ ಹೋಗುತ್ತಿದ್ದರೆ 1.4 ಅದನ್ನು ಇನ್ನೂ ಕಷ್ಟ ಮಾಡುತ್ತದೆ.

ನಿರ್ಧಾರಕ್ಕೆ ನಾನು ನಂಬುವ ವಿಧಾನ ಒಂದೇ. ನಿಮ್ಮ ಕೊನೆಯ ಇನ್ನೂರು ಫೋಟೊ ತೆರೆಯಿರಿ. ಕೆಟ್ಟಿರುವುದನ್ನು ಅಳಿಸಬೇಡಿ, ಅದರಲ್ಲೇ ಉತ್ತರ ಇದೆ. ಪ್ರತಿ ಕೆಟ್ಟ ಫೋಟೊ ಯಾಕೆ ಕೆಟ್ಟಿತು ಎಂದು ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ಕೈ ಅಲುಗಿದ್ದು ಜಾಸ್ತಿಯೇ? ಶಟರ್ ಏರಿಸಬೇಕು, 1.8 ಅದಕ್ಕೆ ಧಾರಾಳ ಸಾಕು. ಫೋಕಸ್ ತಪ್ಪಿದ್ದು ಜಾಸ್ತಿಯೇ? ಕ್ಯಾಮೆರಾ ತಾನೇ ಫೋಕಸ್ ಬಿಂದು ಆರಿಸುವುದನ್ನು ನಿಲ್ಲಿಸಿ, ಒಂದೇ ಬಿಂದುವನ್ನು ಕಣ್ಣಿನ ಮೇಲಿಟ್ಟು ಒಂದು ವಾರ ನೋಡಿ. ಆಮೇಲೂ ತಪ್ಪುತ್ತಿದ್ದರೆ ಮೋಟಾರಿನ ಯೋಚನೆ ಮಾಡಿ. ದೀಪದ ಬೆಳಕಿನಲ್ಲಿ ಅಡ್ಡಪಟ್ಟಿ ಬಂದಿದೆಯೇ? ಅದು ಲೆನ್ಸ್‌ನ ತಪ್ಪಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿಟುಕುತ್ತವೆ, ಶಟರನ್ನು 1/100ಕ್ಕೋ 1/50ಕ್ಕೋ ತನ್ನಿ. ಎಲ್ಲ ಸರಿಯಾಗಿದ್ದು 1.8 ಪೂರ್ತಿ ತೆರೆದ ಫೋಟೊಗಳ ಬಣ್ಣದ ಗೆರೆ, ಮೂಲೆಯ ಮಂಕುತನವೇ ಮತ್ತೆ ಮತ್ತೆ ಕಾಡುತ್ತಿದ್ದರೆ ಆಗ ದುಬಾರಿ ಲೆನ್ಸ್ ನಿಮ್ಮದು. ಎಂದರೆ 1.8 ಕೊಂಡು ಬಳಸದೆ ಈ ತೀರ್ಮಾನಕ್ಕೆ ಬರಲು ಆಗುವುದೇ ಇಲ್ಲ.

ಅಂಗಡಿಗೆ ಹೋಗುವಾಗ ನಿಮ್ಮ ಬಾಡಿ, ನಿಮ್ಮ ಕಾರ್ಡ್ ತಗೊಂಡು ಹೋಗಿ. ಪೂರ್ತಿ ತೆರೆದು ಹತ್ತಿರದ್ದು, ದೂರದ್ದು ಹತ್ತಿಪ್ಪತ್ತು ತೆಗೆದು ಅಲ್ಲೇ ದೊಡ್ಡದು ಮಾಡಿ ನೋಡಿ. ನಿಕಾನ್‌ನವರಿಗೆ ಒಂದು ಎಚ್ಚರಿಕೆ: 50 ಎಂಎಂ 1.8ರಲ್ಲಿ 'ಡಿ' ಎಂದು ಬರೆದಿರುವ ಲೆನ್ಸ್‌ನೊಳಗೆ ಮೋಟಾರಿಲ್ಲ. ಡಿ3500, ಡಿ5600 ಥರದ ಬಾಡಿಗಳಲ್ಲಿ ಅದರ ಆಟೊಫೋಕಸ್ ಕೆಲಸ ಮಾಡುವುದಿಲ್ಲ, ಹಳೆಯ ಲೆನ್ಸ್ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಹಾಕಿದ ಮಿರರ್‌ಲೆಸ್ ಝಡ್ ಬಾಡಿಗಳಲ್ಲೂ ಇಲ್ಲ. 2011ರ 'ಜಿ' ಆವೃತ್ತಿ ತಗೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ಮೊಬೈಲ್ ಟಾರ್ಚ್ ಹಚ್ಚಿ ಹಿಂದಿನಿಂದ ಓರೆಯಾಗಿ ಬೆಳಕು ಬಿಡಿ. ಒಂದೆರಡು ಧೂಳಿನ ಕಣ ಇದ್ದರೆ ಪರವಾಗಿಲ್ಲ. ಜೇಡನ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಎಷ್ಟು ಕಡಿಮೆಗೆ ಕೊಟ್ಟರೂ ವಾಪಸ್ ಇಡಿ. ಒಂದು ಮಳೆಗಾಲ ನಾನು ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಮರೆತಿದ್ದೆ, ನವರಾತ್ರಿಗೆ ತೆಗೆದಾಗ ಒಳಗಿನ ಗಾಜಿನ ಮೇಲೆ ಬೆಳ್ಳಗೆ ಬೇರು ಬಿಟ್ಟಿತ್ತು. ತುಂಬಾ ನೋವಾಯಿತು. ಆಮೇಲೆ ಗಾಳಿಯಾಡದ ಅಕ್ಕಿ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ನೂರಿನ್ನೂರು ರೂಪಾಯಿಯ ತೇವಾಂಶ ಮಾಪಕ, ಹೀಗೆ ಇಟ್ಟುಕೊಂಡಿದ್ದೇನೆ. ಮುಳ್ಳು 40-50ರ ನಡುವೆ ಇರಬೇಕು. ಹೊಸ ಲೆನ್ಸ್ ಕೊಂಡ ದಿನವೇ ಇದನ್ನೂ ಮಾಡಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಭಾರತದ್ದೇ ಎಂದು ನೋಡಿಕೊಳ್ಳಿ.

1.8ರಲ್ಲಿ ನಿಂತರೆ ಉಳಿಯುವ ಹಣಕ್ಕೂ ಜಾಗ ಇದೆ. ಚೌಕಿಯಿಂದ ಹೊರಗೆ ಬಂದು ರಂಗಸ್ಥಳದ ಎದುರು ಕೂತರೆ 50 ಚಿಕ್ಕದಾಗುತ್ತದೆ, ಧೀಂಗಿಣ ಹೊಡೆಯುವ (ಹಾರಿ ಸುತ್ತುವ) ವೇಷ ಚೌಕಟ್ಟಿನ ನಡುವೆ ಬೆರಳಷ್ಟು ಕಾಣುತ್ತದೆ. ನಾನು ಅದಕ್ಕೆ ಹಳೆಯ ಇಎಫ್ 85 ಎಂಎಂ 1.8 ತಗೊಂಡೆ. 1992ರ ವಿನ್ಯಾಸ, ಆದರೂ ಫೋಕಸ್ ತುಂಬಾ ಚುರುಕು. ಅದು 425 ಗ್ರಾಂ, 50ರದ್ದು 160. ಎರಡೂ ಸೇರಿ 585. ಇಎಫ್ ಸರಣಿಯ 50 ಎಂಎಂ 1.2 ಎಲ್ ಒಂದೇ ಹೆಚ್ಚು ಕಡಿಮೆ ಅಷ್ಟು ತೂಗುತ್ತದೆ.