ಪಾಂಡ್‌ಕ್ರಾಫ್ಟ್ ಹೊಲ ಯಾರ ಪಾಲಿಗೆ ಬಂತು?

ನಾನು ಗೋಕಾಕ್ ಕಡೆಯವಳು. ಮದುವೆಯಾಗಿ ಇಂಗ್ಲೆಂಡಿನ ಎಸೆಕ್ಸ್‌ಗೆ ಬಂದೆ. ನನ್ನ ಅತ್ತೆ ಅಪ್ಪಟ ಇಂಗ್ಲಿಷಿನವರು, ರೈತರ ಮನೆಯ ಮಗಳು. ಅವರ ಹತ್ತಿರ ಒಂದು ಹಳೇ ಬೈಬಲ್ ಇದೆ. ಅದರ ಮೊದಲ ಹಾಳೆಯಲ್ಲಿ ಹುಟ್ಟಿದವರ, ಸತ್ತವರ ಹೆಸರು ಬರೆದಿಟ್ಟಿದ್ದಾರೆ. 1780ರ ದಶಕಕ್ಕೆ ಬಂದು ನಿಂತುಬಿಡುತ್ತದೆ. ಅದರ ಹಿಂದೆ ಯಾರಿದ್ದರು ಅಂತ ಅತ್ತೆಗೆ ಗೊತ್ತಿರಲಿಲ್ಲ. "ಯೋಮನ್ ಆಗಿದ್ದರಂತೆ" ಅಂತ ಅವರ ಅಜ್ಜ ಹೇಳುತ್ತಿದ್ದರಂತೆ, ಅಷ್ಟೇ.

ನಾನು ಚಿಕ್ಕವಳಿದ್ದಾಗ ನಮ್ಮ ಊರಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು ಕಟ್ಟೆ ಹತ್ತಿರ ಇಳಿದು ನಮ್ಮ ಮನೆತನದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಾ ಹೋಗುತ್ತಿದ್ದರು, ಅಜ್ಜ ಕಣ್ಣು ಮುಚ್ಚಿ ಕೇಳುತ್ತಿದ್ದ, ಆಮೇಲೆ ಒಂದು ಮೊರ ಜೋಳ ಕೊಟ್ಟು ಕಳಿಸುತ್ತಿದ್ದ. ಆ ಹೆಸರುಗಳಲ್ಲಿ ಅಜ್ಜಿಯ ಹೆಸರು ಕೇಳಿದ ನೆನಪು ನನಗಿಲ್ಲ. ಅತ್ತೆ ಆ ಬೈಬಲ್ ತೆಗೆದು ತೋರಿಸಿದ ದಿನ ನನಗೆ ಹೆಳವರೇ ನೆನಪಾದರು. ಸರಿ, ಈ ಮನೆಗೆ ನಾನೇ ಹುಡುಕಿ ಕೊಡುತ್ತೇನೆ ಅಂದೆ. ಅದಾಗಿ ಆರು ವರ್ಷ ಆಯಿತು.

ಮೊದಲು ಯೋಮನ್ ಅಂದರೆ ಯಾರು ಅಂತ ಹೇಳಿಬಿಡುತ್ತೇನೆ. ಜಮೀನ್ದಾರನೂ ಅಲ್ಲ, ಕೂಲಿಯವನೂ ಅಲ್ಲ. ಸ್ವಂತ ಹೊಲ ಇಟ್ಟುಕೊಂಡು ತಾನೇ ಮುಂದೆ ನಿಂತು ಒಕ್ಕಲುತನ ಮಾಡುವವನು. ವರ್ಷಕ್ಕೆ 40 ಶಿಲ್ಲಿಂಗ್ ಬರುವಷ್ಟು ಸ್ವಂತ ಭೂಮಿ ಇದ್ದರೆ ಅವನಿಗೆ ಕೌಂಟಿ ಚುನಾವಣೆಯಲ್ಲಿ ಓಟು ಹಾಕುವ ಹಕ್ಕಿತ್ತು. 1430ರಲ್ಲಿ ಬಂದ ಆ ನಿಯಮ ಶತಮಾನಗಟ್ಟಲೆ ನಡೆಯಿತು. ಅವನ ಕೆಳಗಿನವನು ಹಸ್ಬೆಂಡ್‌ಮನ್, ಅಂದರೆ ಸಣ್ಣ ರೈತ. ನಮಗೆ ಹುಡುಕುವವರಿಗೆ ಯೋಮನ್ ಸಿಕ್ಕರೆ ಪುಣ್ಯ. ಯಾಕೆಂದರೆ ಆಸ್ತಿ ಇದ್ದವನು ಉಯಿಲು ಬರೆಸುತ್ತಾನೆ. ಕೂಲಿಯವನ ಬದುಕು ಎಷ್ಟೋ ಸಲ ಚರ್ಚಿನ ಪುಸ್ತಕದ ಮೂರು ಸಾಲಿನಲ್ಲಿ ಮುಗಿದುಹೋಗುತ್ತದೆ. ಹುಟ್ಟಿದ, ಮದುವೆಯಾದ, ಹೂಳಿದರು.

ಹತ್ತಿರದ ತಲೆಮಾರುಗಳು ಸುಲಭ. 1837ರ ಜುಲೈ 1ರಿಂದ ಸರ್ಕಾರಿ ಜನನ ಮರಣ ನೋಂದಣಿ ಇದೆ. 1851ರ ಜನಗಣತಿ ನೋಡಿದರೆ ಯಾವ ಊರಲ್ಲಿ ಹುಟ್ಟಿದ್ದು ಅಂತಲೂ ಬರೆದಿರುತ್ತಾರೆ. 1841ರದ್ದನ್ನು ಮಾತ್ರ ನಂಬಿ ಲೆಕ್ಕ ಹಾಕಬೇಡಿ. ಅದರಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕಿತ್ತು, 39 ಇದ್ದವನು 35 ಆಗುತ್ತಾನೆ. ಅದರ ಹಿಂದೆ ಹೋಗಬೇಕೆಂದರೆ ಚರ್ಚಿನ ರಿಜಿಸ್ಟರೇ ಗತಿ.

ಪ್ರತಿ ಪ್ಯಾರಿಷ್‌ನಲ್ಲೂ, ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆಯಲ್ಲೂ, ದೀಕ್ಷಾಸ್ನಾನ, ಮದುವೆ, ಸಮಾಧಿ ಬರೆದಿಡಬೇಕು ಅಂತ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆದೇಶ ಮಾಡಿದ. ಮೊದಮೊದಲು ಎಷ್ಟೋ ಕಡೆ ಕಾಗದದ ಮೇಲೆ ಬರೆದರು. 1598ರಲ್ಲಿ ಅದನ್ನೆಲ್ಲ ಚರ್ಮದ ಹಾಳೆಗೆ ನಕಲು ಮಾಡಿ, ಅದರಲ್ಲೂ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದಾಗಿನಿಂದ ಮಾಡಿ ಅಂತ ಅಪ್ಪಣೆಯಾಯಿತು. ಬಹಳ ಊರಿನ ಪಾದ್ರಿಗಳು ಆ ಮಾತು ಹಿಡಿದು 1558ರಿಂದಲೇ ಶುರು ಮಾಡಿದರು. ಅದಕ್ಕೇ ಎಷ್ಟೋ ರಿಜಿಸ್ಟರ್ 1558ರಿಂದ ಶುರುವಾಗುತ್ತವೆ, ಮೊದಲ 20 ವರ್ಷ ಹೋಯಿತು. ಅತ್ತೆಯ ಹಿರಿಯರ ಊರಿನದೂ ಹಾಗೇ.

ಎಸೆಕ್ಸ್‌ನ ದಾಖಲೆಗಳೆಲ್ಲ ಚೆಲ್ಮ್ಸ್‌ಫರ್ಡ್‌ನ ಎಸೆಕ್ಸ್ ರೆಕಾರ್ಡ್ ಆಫೀಸಿನಲ್ಲಿವೆ. ರಿಜಿಸ್ಟರ್‌ಗಳ ಫೋಟೋಗಳನ್ನು ದುಡ್ಡು ಕಟ್ಟಿ ಮನೆಯಲ್ಲೇ ನೋಡಬಹುದು. ನಾನು ಹಾಗೇ ಮಾಡಿದೆ. ಮಗುವನ್ನು ಮಲಗಿಸಿ ರಾತ್ರಿ ಒಂದೊಂದೇ ಪುಟ. ಹೆಸರು ಹಾಕಿದ ಕೂಡಲೇ ಸಿಗುವ ಬೇರೆ ವೆಬ್‌ಸೈಟುಗಳೂ ಇವೆ, ಆದರೆ ಪುಟ ಪುಟ ಓದಿದರೆ ಊರು ಪರಿಚಯ ಆಗುತ್ತದೆ. ಯಾರ ಮನೆ ಪಕ್ಕ ಯಾರು, ಯಾವ ವರ್ಷ ಸಾವು ಜಾಸ್ತಿ, ಯಾವ ಹೆಸರು ಆ ಮನೆಯಲ್ಲಿ ಮತ್ತೆ ಮತ್ತೆ ಬರುತ್ತದೆ, ಇವೆಲ್ಲ ಹುಡುಕು ಪೆಟ್ಟಿಗೆಯಲ್ಲಿ ಸಿಗುವುದಿಲ್ಲ.

ಹೀಗೆ ಹಿಂದೆ ಹಿಂದೆ ಹೋಗುತ್ತಾ 1680ರ ದಶಕದಲ್ಲಿ ಮದುವೆಯಾದ ಒಬ್ಬ ಜಾನ್‌ಗೆ ಬಂದು ಮುಟ್ಟಿದೆ. ಇಲ್ಲೇ ನಾನು ಎಡವಿದ್ದು. ಅದೇ ಊರಲ್ಲಿ, ಅದೇ ಅಡ್ಡಹೆಸರಿನ ಒಬ್ಬ ಜಾನ್‌ಗೆ 1660ರ ಏಪ್ರಿಲ್‌ನಲ್ಲಿ ದೀಕ್ಷಾಸ್ನಾನ ಆಗಿತ್ತು. ವಯಸ್ಸು ಸರಿಹೊಂದಿತು. ಇವನೇ ಅಂತ ಗಂಟು ಹಾಕಿಬಿಟ್ಟೆ. ಸಮಾಧಿ ಪುಸ್ತಕದಲ್ಲಿ 1660ರ ಫೆಬ್ರವರಿಯಲ್ಲಿ ಒಬ್ಬ ಜಾನ್ ಕೂಸನ್ನು ಹೂಳಿದ್ದು ಇತ್ತು. ಅದನ್ನೂ ನೋಡಿದ್ದೆ. ಫೆಬ್ರವರಿ ಮೊದಲು, ಏಪ್ರಿಲ್ ಆಮೇಲೆ ಅಲ್ವಾ? ಹಾಗಾಗಿ ಸತ್ತ ಕೂಸು ಬೇರೆ, ನಮ್ಮವನು ಬೇರೆ ಅಂತ ಮುಂದೆ ಹೋದೆ.

ತಪ್ಪು. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಡಿಸೆಂಬರ್ 1660 ಮುಗಿದ ಮೇಲೆ ಬರುವುದು ಜನವರಿ 1660, ಫೆಬ್ರವರಿ 1660. ನಮ್ಮ ಲೆಕ್ಕದಲ್ಲಿ ಅದು 1661. ಈ ಪದ್ಧತಿ ಹೋಗಿ ವರ್ಷ ಜನವರಿ 1ಕ್ಕೆ ಬಂದದ್ದು 1752ರಲ್ಲಿ. ಅಂದರೆ ಏಪ್ರಿಲ್‌ನಲ್ಲಿ ನೀರು ಹಾಕಿಸಿಕೊಂಡ ಕೂಸು ಮುಂದಿನ ಫೆಬ್ರವರಿಗೆ ತೀರಿಹೋಗಿತ್ತು. ನಾನು ಆ ಹತ್ತು ತಿಂಗಳ ಕೂಸಿಗೆ ಮದುವೆ ಮಾಡಿಸಿ, ಏಳು ಮಕ್ಕಳನ್ನು ಕೊಟ್ಟು, ಅದರ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರನ್ನೂ ಅತ್ತೆಯ ವಂಶಕ್ಕೆ ಸೇರಿಸಿ ಎರಡು ವರ್ಷ ಕಳೆದಿದ್ದೆ. ಅತ್ತೆಯ ಹುಟ್ಟುಹಬ್ಬಕ್ಕೆ ವಂಶವೃಕ್ಷ ಬರೆಸಿ ಕಟ್ಟು ಹಾಕಿಸಿ ಕೊಟ್ಟೂ ಆಗಿತ್ತು. ಹೋಗಿ ಹೇಳಿದೆ. ಅವರು ಸುಮ್ನೆ ಗೋಡೆಯಿಂದ ತೆಗೆದು ನನ್ನ ಕೈಗೆ ಕೊಟ್ಟು, "ಆ ಕೂಸಿನ ಹೆಸರು ಮಾತ್ರ ಎಲ್ಲಾದರೂ ಬರೆದಿಡು" ಅಂದರು. ಬರೆದಿಟ್ಟಿದ್ದೇನೆ.

ಈಗ ಯಾರನ್ನಾದರೂ ಮುಂದಕ್ಕೆ ಒಯ್ಯುವ ಮೊದಲು ಅವರನ್ನು ಹೂಳಿದ್ದಾರಾ ಅಂತ ಹತ್ತು ವರ್ಷದ ಸಮಾಧಿ ಪುಟ ಓದುತ್ತೇನೆ, ವರ್ಷವನ್ನು 1660/61 ಅಂತ ಎರಡೂ ಬರೆಯುತ್ತೇನೆ.

ಹಾಗಾದರೆ ನಮ್ಮ ಜಾನ್ ಯಾರು? ಪಕ್ಕದ ಊರಲ್ಲಿ 1662ರಲ್ಲಿ ಇನ್ನೊಬ್ಬ ಜಾನ್ ಸಿಕ್ಕ. ಅವನೇ ಇರಬಹುದು. ಆದರೆ ಈ ಸಲ 'ಇರಬಹುದು' ಅಂತ ಗಂಟು ಹಾಕಲು ಮನಸ್ಸು ಬರಲಿಲ್ಲ. 1640, 50ರ ದಶಕದ ಅಂತರ್ಯುದ್ಧದ ಕಾಲದಲ್ಲಿ ಎಷ್ಟೋ ಊರಿನ ರಿಜಿಸ್ಟರ್ ಹರಿದ ಬಟ್ಟೆಯ ಹಾಗೆ. ಬೇರೆ ಕಾಲದ ತೂತುಗಳನ್ನಾದರೆ ಬೇರೆ ಕಡೆಯವರು ಬಿಷಪ್‌ಗೆ ವರ್ಷವರ್ಷ ಕಳಿಸುತ್ತಿದ್ದ ನಕಲಿನಿಂದ ಮುಚ್ಚಿಕೊಳ್ಳುತ್ತಾರೆ. ಎಸೆಕ್ಸ್ ಆಗ ಲಂಡನ್ ಬಿಷಪ್‌ನ ಕೈಕೆಳಗಿತ್ತು, ಅಲ್ಲಿಯ ನಕಲುಗಳಲ್ಲಿ 1800ರ ಹಿಂದಿನವು ಉಳಿದದ್ದು ತೀರಾ ಕಡಿಮೆ. ಆ ದಾರಿ ಮುಚ್ಚಿತು. ಉಳಿದದ್ದು ಉಯಿಲು.

ಉಯಿಲು ಅನ್ನುವ ನಮ್ಮ ಮಾತೇ ಇಂಗ್ಲಿಷಿನ ವಿಲ್‌ನಿಂದ ಬಂದದ್ದು. ಆ ಮಾತು ಹಿಡಿದುಕೊಂಡು ಅದರ ತವರಿಗೇ ಹೋದ ಹಾಗಾಯಿತು ನನಗೆ. 1858ರ ಜನವರಿವರೆಗೆ ಉಯಿಲುಗಳನ್ನು ಸಿಂಧು ಮಾಡುತ್ತಿದ್ದದ್ದು ಚರ್ಚಿನ ಕೋರ್ಟುಗಳು. ಆಸ್ತಿ ಸಣ್ಣದು, ಒಂದೇ ಕಡೆ ಇದ್ದರೆ ಆರ್ಚ್‌ಡೀಕನ್ (ಬಿಷಪ್‌ನ ಕೈಕೆಳಗಿನ ಅಧಿಕಾರಿ) ಕೋರ್ಟು. ಒಂದಕ್ಕಿಂತ ಹೆಚ್ಚು ಡಯೊಸೀಸ್‌ನಲ್ಲಿ, ಅಂದರೆ ಬಿಷಪ್‌ನ ಸೀಮೆಯಲ್ಲಿ, ಐದು ಪೌಂಡ್ ಮೇಲಿನ ಸ್ವತ್ತಿದ್ದರೆ ಆರ್ಚ್‌ಬಿಷಪ್‌ನ ಕೋರ್ಟಾದ ಕ್ಯಾಂಟರ್‌ಬರಿಯ ಪ್ರೆರಾಗೆಟಿವ್ ಕೋರ್ಟು. 1653ರಿಂದ 1660ರವರೆಗೆ ಚರ್ಚಿನ ಕೋರ್ಟು ನಿಂತುಹೋಗಿದ್ದರಿಂದ ಎಲ್ಲರ ಉಯಿಲೂ ಲಂಡನ್ನಿಗೇ ಹೋಗಬೇಕಿತ್ತು. ಕ್ಯಾಂಟರ್‌ಬರಿಯವು ಈಗ ಲಂಡನ್ನಿನ ಕ್ಯೂ (Kew) ಅನ್ನುವ ಜಾಗದ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಪ್ರಾಬ್ 11 ಅಂತ ಆ ಸಾಲಿನ ಹೆಸರು, ಮನೆಯಿಂದಲೇ ಇಳಿಸಿಕೊಳ್ಳಬಹುದು. ಆದರೆ ಅವು ಕೋರ್ಟಿನ ಗುಮಾಸ್ತರು ಪುಸ್ತಕಕ್ಕೆ ಎತ್ತಿಕೊಂಡ ನಕಲು. ಆರ್ಚ್‌ಡೀಕನ್ ಕೋರ್ಟಿನವು ಚೆಲ್ಮ್ಸ್‌ಫರ್ಡ್‌ನಲ್ಲಿವೆ. ಅಲ್ಲಿ ಮೂಲ ಹಾಳೆಗಳೇ ಎಷ್ಟೋ ಉಳಿದಿವೆ.

ಹುಡುಕುವಾಗ ಒಂದು ತೊಡಕಿದೆ. ಸೂಚಿಯಲ್ಲಿ ಸಿಗುವುದು ಉಯಿಲು ಬರೆಸಿದವನ ಹೆಸರು, ಅದರಲ್ಲಿ ಪಾಲು ಪಡೆದವರದ್ದಲ್ಲ. ಆದ್ದರಿಂದ ಆ ಅಡ್ಡಹೆಸರಿನವರ ಎಲ್ಲ ಉಯಿಲುಗಳನ್ನೂ, ಆಮೇಲೆ ಅವರಿಗೆ ಹೆಣ್ಣು ಕೊಟ್ಟವರ, ತಂದವರ ಉಯಿಲುಗಳನ್ನೂ ಓದಿದೆ. ಮಕ್ಕಳಿಲ್ಲದ ಚಿಕ್ಕಪ್ಪ, ಮದುವೆಯಾಗದ ಸೋದರತ್ತೆ ಇಂಥವರ ಉಯಿಲೇ ಬಂಗಾರ. ಅಣ್ಣನ ಮಕ್ಕಳು, ತಂಗಿಯ ಮಕ್ಕಳು, ಅವರ ಗಂಡಂದಿರು ಎಲ್ಲರ ಹೆಸರೂ ಸಾಲಾಗಿ ಬರುತ್ತವೆ. ಗಂಡ ಇರುವ ಹೆಣ್ಣುಮಗಳು ಅವನ ಒಪ್ಪಿಗೆ ಇಲ್ಲದೆ ಉಯಿಲು ಬರೆಸುವ ಹಾಗಿರಲಿಲ್ಲ, 1882ರ ಕಾನೂನು ಬರುವವರೆಗೆ. ಹಾಗಾಗಿ ಹೆಂಗಸರ ಉಯಿಲು ಅಂದರೆ ಹೆಚ್ಚಾಗಿ ವಿಧವೆಯರದ್ದು, ಕನ್ಯೆಯರದ್ದು.

ಓದುವುದು ಮೊದಲು ಬಹಳ ಕಷ್ಟ ಆಯಿತು. 1630ರ ದಶಕದ ಬರವಣಿಗೆಗೆ ಸೆಕ್ರೆಟರಿ ಹ್ಯಾಂಡ್ ಅನ್ನುತ್ತಾರೆ. ಅದರಲ್ಲಿ ಸಿ ಅಕ್ಷರ ಆರ್ ಥರ ಕಾಣುತ್ತದೆ, ಇ ತಿರುಗಿ ಕೂತಿರುತ್ತದೆ, ಎಚ್ ಸಾಲಿನ ಕೆಳಗೆ ಬಾಲ ಬಿಟ್ಟಿರುತ್ತದೆ. ನಮ್ಮ ಕಡೆ ಹಳೇ ಲೆಕ್ಕದ ಪುಸ್ತಕಗಳ ಮೋಡಿ ಅಕ್ಷರ ನೋಡಿದವರಿಗೆ ಗೊತ್ತು, ಪ್ರತಿ ಅಕ್ಷರ ಗೊತ್ತಿದ್ದೂ ಪದ ಓದಲಾಗದ ಸಂಕಟ ಏನು ಅಂತ. ನ್ಯಾಷನಲ್ ಆರ್ಕೈವ್ಸ್‌ನವರ ಪುಕ್ಕಟೆ ಆನ್‌ಲೈನ್ ಪಾಠ ಇದೆ, ಅದನ್ನು ಮಾಡಿದೆ. ಅದಕ್ಕಿಂತ ಜಾಸ್ತಿ ಕೈಹಿಡಿದದ್ದು ಇದು. ಆ ಕಾಲದ ಉಯಿಲುಗಳು ಹೆಚ್ಚುಕಡಿಮೆ ಒಂದೇ ಥರ ಶುರುವಾಗುತ್ತವೆ. ದೇವರ ಹೆಸರಿನಲ್ಲಿ ಆಮೆನ್, ಇಂಥ ದಿನ, ಇಂಥ ಊರಿನ ಯೋಮನ್ ಆದ ನಾನು, ಮೈಯಲ್ಲಿ ಕಾಯಿಲೆ ಇದ್ದರೂ ನೆನಪು ಚೆನ್ನಾಗಿದ್ದು... ಹೀಗೆ. ಏನು ಬರೆದಿದೆ ಅಂತ ಮೊದಲೇ ಗೊತ್ತಿರುವ ಆ ಆರೇಳು ಸಾಲಿನಿಂದ ಆ ಬರಹಗಾರನ ಎ ಯಿಂದ ಝಡ್‌ವರೆಗಿನ ಅಕ್ಷರಗಳನ್ನು ಒಂದು ಹಾಳೆ ಮೇಲೆ ಎತ್ತಿಕೊಳ್ಳುತ್ತೇನೆ. ಆಮೇಲೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಉಳಿದದ್ದನ್ನು ಓದುತ್ತೇನೆ.

ಸಂಬಂಧದ ಮಾತುಗಳನ್ನು ಈಗಿನ ಅರ್ಥದಲ್ಲಿ ತೆಗೆದುಕೊಂಡರೆ ದಾರಿ ತಪ್ಪುತ್ತದೆ. ಸನ್ ಇನ್ ಲಾ ಅಂದರೆ ಅಳಿಯನೂ ಇರಬಹುದು, ಹೆಂಡತಿಯ ಮೊದಲ ಗಂಡನ ಮಗನೂ ಇರಬಹುದು. ಕಸಿನ್ ಅಂದರೆ ಎಷ್ಟೋ ಸಲ ಅಣ್ಣನ ಮಗ. ಹಿರಿಮಗನಿಗೆ ಒಂದು ಶಿಲ್ಲಿಂಗ್ ಅಂತ ಕಂಡ ಕೂಡಲೇ ಜಗಳ ಅಂದುಕೊಳ್ಳಬೇಡಿ. ಅವನ ಪಾಲು ಮೊದಲೇ ಕೊಟ್ಟು ಆಗಿರುವುದೇ ಹೆಚ್ಚು.

ಪಕ್ಕದ ಊರಿನ ಜಾನ್‌ನ ಅಪ್ಪನ ಉಯಿಲು 1680ರ ದಶಕದ ಮೊದಲ ಭಾಗದ್ದು. ರೆಕಾರ್ಡ್ ಆಫೀಸಿನಲ್ಲಿ ಮೂಲ ಹಾಳೆಯನ್ನೇ ನೋಡಲು ಕೊಟ್ಟರು. ಬರೆದುಕೊಳ್ಳಲು ಪೆನ್ಸಿಲ್ ಮಾತ್ರ, ಪೆನ್ನು ಒಳಗೆ ಒಯ್ಯುವ ಹಾಗಿಲ್ಲ. ಮಡಿಕೆಯ ಗೆರೆ ಕಂದು ಬಣ್ಣಕ್ಕೆ ತಿರುಗಿತ್ತು. ಕೆಳಗೆ ಅವನ ಗುರುತು. ಸಹಿ ಬಾರದವನು, ಜಾನ್ ಅನ್ನುವುದನ್ನು ಆಗ ಐ ಅಕ್ಷರದಿಂದ ಬರೆಯುತ್ತಿದ್ದರು, ಇವನಿಗೂ ಅದೇ ಹೆಸರು, ಆ ಒಂದು ಅಕ್ಷರವನ್ನು ಎಳೆಯಲು ಹೋಗಿ ಗೆರೆ ನಡುವೆ ನಡುಗಿ, ನಿಂತು, ಮತ್ತೆ ಕೆಳಗಿಳಿದಿದೆ. ನಿಂತ ಜಾಗದಲ್ಲಿ ಶಾಯಿ ಸಾಸಿವೆ ಕಾಳಿನಷ್ಟು ಗುಡ್ಡೆಯಾಗಿದೆ. ನಾನು ಬಹಳ ಹೊತ್ತು ಅದನ್ನೇ ನೋಡಿದೆ.

ಹೆಂಡತಿಗೆ ಅವನು ಬಿಟ್ಟದ್ದು ಹಾಲ್ ಮೇಲಿನ ಕೋಣೆ, ಒಲೆ ಹತ್ತಿರ ಕೂರುವ ಹಕ್ಕು, ಬಾವಿಗೆ ಹೋಗಿಬರುವ ದಾರಿ, ಒಂದು ಹಸು, ದೊಡ್ಡ ಹಿತ್ತಾಳೆ ಹಂಡೆ. ಅವಳು ವಿಧವೆಯಾಗಿ ಇರುವಷ್ಟು ಕಾಲ. ಹೆಣ್ಣುಮಕ್ಕಳಿಗೆ 21 ತುಂಬಿದಾಗ ಅಥವಾ ಮದುವೆಯ ದಿನ ತಲಾ 20 ಪೌಂಡ್. ಕಿರಿಮಗ ಜಾನ್‌ಗೆ ಪಾಂಡ್‌ಕ್ರಾಫ್ಟ್, ಅಂದರೆ ಹೊಂಡದ ಹೊಲ, ಅನ್ನುವ ಮೂರು ಎಕರೆ, ಅದು ಇರುವುದು ಅವನ ಊರಲ್ಲಲ್ಲ, ಅದರ ಪಕ್ಕದ ಊರಲ್ಲಿ. ನಮ್ಮ ಜಾನ್ ಮದುವೆಯಾಗಿ ಒಕ್ಕಲುತನ ಮಾಡಿದ ಅದೇ ಊರು!

ಆ ಊರಲ್ಲಿ ಅವನ ಮೊಮ್ಮಗನ ಉಯಿಲಿನಲ್ಲೂ ಪಾಂಡ್‌ಕ್ರಾಫ್ಟ್ ಬಂತು. ಹಿಂದಕ್ಕೆ ಹೋದರೆ 1630ರ ದಶಕದ ಅಜ್ಜನ ಉಯಿಲಿನಲ್ಲೂ, ಬೇರೆ ಕಾಗುಣಿತದಲ್ಲಿ. ಅಲ್ಲಿಗೆ ಗಂಟು ಬಿಗಿಯಾಯಿತು. ಊರಿಗೆ ಹತ್ತು ಜನ ಜಾನ್ ಇರಬಹುದು, ಆದರೆ ಅಪ್ಪನಿಂದ ಮಗನಿಗೆ ಆ ಹೊಲ ಬಂದ ದಾರಿ ಒಂದೇ. ನಮ್ಮಲ್ಲಿ ಹುಣಸೆಮರದ ಹೊಲ, ಮಡ್ಡಿ ಹೊಲ ಅಂತ ಉತಾರದಲ್ಲಿ ಇಲ್ಲದಿದ್ದರೂ ಬಾಯಲ್ಲಿ ಉಳಿಯುವ ಹೆಸರುಗಳಿದ್ದ ಹಾಗೆ. 1836ರ ಕಾನೂನಿನ ಮೇಲೆ ಮಾಡಿದ ಟೈದ್ (ಚರ್ಚಿಗೆ ಕೊಡುವ ಬೆಳೆಯ ಹತ್ತನೇ ಪಾಲು) ನಕಾಶೆಗಳಲ್ಲಿ ಪ್ರತಿ ಹೊಲಕ್ಕೂ ನಂಬರು, ಪಟ್ಟಿಯಲ್ಲಿ ಹೆಸರು ಇರುತ್ತದೆ. ನಮ್ಮ ಹೊಲ ಅಲ್ಲೂ ಸಿಕ್ಕಿತು. ಅತ್ತೆಯನ್ನು ಕರೆದುಕೊಂಡು ಹೋದೆ. ಹೊಂಡ ಹೂಳಿಹೋಗಿದೆ, ಬದುವಿನ ಬೇಲಿ ಹಾಗೇ ಇದೆ. ಅಂದು ಬಾರ್ಲಿ ಬೆಳೆ ಇತ್ತು.

ಹೊಲದ ಸುದ್ದಿ ಇನ್ನೂ ಇದೆ. ಅದರಲ್ಲಿ ಒಂದು ತುಂಡು ಕಾಪಿಹೋಲ್ಡ್, ಅಂದರೆ ಮೇನರ್ ಕೋರ್ಟಿನ, ಜಮೀನ್ದಾರನ ಕೋರ್ಟಿನ, ದಫ್ತರದಲ್ಲಿ ಹೆಸರು ಹತ್ತಿಸಬೇಕಾದ ಭೂಮಿ. ಆ ದಫ್ತರ 1733ರವರೆಗೆ ಬಹುಪಾಲು ಲ್ಯಾಟಿನ್‌ನಲ್ಲಿ ಇರುತ್ತದೆ. ಅದನ್ನು ಓದಲು ಈಗ ಕಲಿಯುತ್ತಿದ್ದೇನೆ.

ಆದರೆ ನನ್ನ ನಿದ್ದೆ ಕೆಡಿಸಿರುವುದು ಅದಲ್ಲ. ಅಜ್ಜನ ಉಯಿಲಿನಲ್ಲಿ ಒಬ್ಬ ಮಗಳಿದ್ದಾಳೆ, ಮದುವೆಗೆ ಅಂತ ಹತ್ತು ಪೌಂಡ್ ಇಟ್ಟಿದ್ದಾನೆ. ಅವಳ ಮದುವೆ ಸುತ್ತಲಿನ ಹನ್ನೊಂದು ಊರಿನ ರಿಜಿಸ್ಟರ್‌ನಲ್ಲಿ ಇಲ್ಲ, ಸಮಾಧಿಯೂ ಇಲ್ಲ. ಸುಮಾರು 45 ವರ್ಷದ ಮೇಲೆ ಅವಳ ತಮ್ಮ, ಅದೇ ನಡುಗುವ ಕೈಯವನು, ತನ್ನ ಉಯಿಲಿನ ಕೊನೆಗೆ ಬರೆಸಿದ್ದಾನೆ: ನನ್ನ ಅಕ್ಕನಿಗೆ, ಅವಳು ಬದುಕಿದ್ದರೆ, ಹತ್ತು ಶಿಲ್ಲಿಂಗ್. 1630ರಿಂದ 1640ರ ಒಳಗೆ ಸುಮಾರು 20,000 ಜನ ಇಲ್ಲಿಂದ ಹಡಗು ಹತ್ತಿ ನ್ಯೂ ಇಂಗ್ಲೆಂಡಿಗೆ ಹೋದರು, ಎಸೆಕ್ಸ್‌ನಿಂದಲೂ ಬಹಳ ಜನ. ಹೋಗಿದ್ದಾಳಾ? ಮ್ಯಾಸಚೂಸೆಟ್ಸ್‌ನ ಊರುಗಳ ಹಳೇ ದಾಖಲೆಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಭಾನುವಾರ ನಾನು ಗೋಕಾಕಿಗೆ ಅವ್ವನ ಜೊತೆ ಮಾತಾಡಿ ಫೋನ್ ಇಟ್ಟ ಮೇಲೆ ಅತ್ತೆಯ ಫೋನ್ ಬರುತ್ತದೆ. ಮೊದಲ ಮಾತೇ ಅದು.

"ಸಿಕ್ಕಳಾ?"