ಶಾಲೆಯೂ ಚೆನ್ನಾಗಿರಬೇಕು, ಬಾಡಿಗೆಯೂ ಕೈಗೆಟುಕಬೇಕು: ಕಾರವಾರ, ಶಿರಸಿ ಕಡೆ ಮನೆ ಹುಡುಕುವುದು ಹೇಗೆ?

ಉತ್ತರ ಕನ್ನಡಕ್ಕೆ ವರ್ಗವಾಗಿ ಬರುವವರಲ್ಲಿ ಹೆಚ್ಚಿನವರು ಮನೆ ನೋಡುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ರಸ್ತೆ ಒಣಗಿರುತ್ತದೆ, ಹಳ್ಳದಲ್ಲಿ ನೀರಿರುವುದಿಲ್ಲ, ಗುಡ್ಡದ ಬುಡದ ಮನೆಯೂ ಚೆಂದವೇ ಕಾಣುತ್ತದೆ. ಬಾಡಿಗೆ ಕಡಿಮೆ, ಗಾಳಿ ಬೆಳಕು ಚೆನ್ನಾಗಿದೆ ಅಂತ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಜುಲೈನಲ್ಲಿ ಅದೇ ಮನೆಯಿಂದ ಮಗುವನ್ನು ಶಾಲೆಗೆ ಕಳಿಸುವಾಗ ಲೆಕ್ಕವೇ ಬೇರೆ. ಹಾಗಾಗಿ ಮನೆ ಮೊದಲಾ, ಶಾಲೆ ಮೊದಲಾ ಎಂದು ಯಾರಾದರೂ ಕೇಳಿದರೆ, ಎರಡರ ನಡುವಿನ ದಾರಿ ಮೊದಲು ಎನ್ನುತ್ತೇನೆ.

ಮಗು ಎಷ್ಟನೇ ಕ್ಲಾಸು?

ಪೇಟೆ, ಬಡಾವಣೆಗಳ ಹೆಸರು ಕೇಳುವ ಮೊದಲು ಇದನ್ನು ಬರೆದಿಟ್ಟುಕೊಳ್ಳಿ. ಐದನೇ ತರಗತಿವರೆಗಿನ ಮಗುವಿಗೆ ಹತ್ತಿರದ ಶಾಲೆಯೇ ಬಹುಪಾಲು ಒಳ್ಳೆಯ ಶಾಲೆ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮವೂ 1ರಿಂದ 5ನೇ ತರಗತಿಗೆ 1 ಕಿ.ಮೀ. ಒಳಗೆ, 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು ಎನ್ನುತ್ತದೆ. ಆರು ವರ್ಷದ ಮಗುವನ್ನು ದಿನಾ ಒಂದೂವರೆ ತಾಸು ವ್ಯಾನಿನಲ್ಲಿ ಕೂರಿಸುವಷ್ಟು ಹೆಚ್ಚಿನದನ್ನು ಯಾವ ಹೆಸರಾಂತ ಶಾಲೆಯೂ ಕೊಡುವುದಿಲ್ಲ.

ಹೈಸ್ಕೂಲಿಗೆ ಬಂದಾಗ ಮಾತು ಬೇರೆ. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರು ಇದ್ದಾರೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಮಗು ಒಂಬತ್ತರಲ್ಲಿದ್ದರೆ ಪಿಯುಸಿಯನ್ನೂ ಈಗಲೇ ಯೋಚಿಸಬೇಕು. ಈ ಜಿಲ್ಲೆಯ ಎಷ್ಟೋ ಮನೆಗಳವರು ಎಸ್ಸೆಸ್ಸೆಲ್ಸಿ ಆದಮೇಲೆ ಮಕ್ಕಳನ್ನು ದಕ್ಷಿಣ ಕನ್ನಡದ ಹಾಸ್ಟೆಲ್‌ಗಳಿಗೆ ಕಳಿಸುತ್ತಾರೆ. ನೀವೂ ಹಾಗೆ ಮಾಡುವವರಾದರೆ ಇಲ್ಲಿ ಪಿಯು ಕಾಲೇಜಿನ ಹತ್ತಿರವೇ ಜಾಸ್ತಿ ಬಾಡಿಗೆ ಕೊಟ್ಟು ಕೂರುವ ಅಗತ್ಯವಿಲ್ಲ.

ಇಬ್ಬರು ಮಕ್ಕಳಿದ್ದರೆ ಮನೆಯನ್ನು ಚಿಕ್ಕವರ ಶಾಲೆ ನೋಡಿ ಹಿಡಿಯಿರಿ. ದೊಡ್ಡವರು ಬಸ್ಸಿನಲ್ಲಿ ಹೋಗಿಬರುತ್ತಾರೆ.

ಶಾಲೆಗೆ ಹೋಗಿ, ಬೋರ್ಡ್ ಓದಿ

ಮೊದಲು ಕುಳಿತಲ್ಲೇ ಮಾಡುವ ಕೆಲಸ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ (ದೇಶದ ಶಾಲೆಗಳ ಸರಕಾರಿ ಮಾಹಿತಿ ಕೋಶ) ಸಂಖ್ಯೆ ಇದೆ. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಯುಡೈಸ್ ಜಾಲತಾಣದಲ್ಲಿ ಶಾಲೆಯ ಹೆಸರು ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೊಠಡಿ, ಶೌಚಾಲಯ ಹೇಗಿದೆ ಎಲ್ಲ ಸಿಗುತ್ತದೆ. ಕಾಯ್ದೆ ಪ್ರಕಾರ 1ರಿಂದ 5ರವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ, 6ರಿಂದ 8ಕ್ಕೆ 35ಕ್ಕೆ ಒಬ್ಬರು ಇರಬೇಕು. ಹೋಲಿಸಿ ನೋಡಿ.

ಆಮೇಲೆ ಖುದ್ದಾಗಿ ಹೋಗಿ. ಸರಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರ ಕೋಣೆಯ ಆಸುಪಾಸಿನಲ್ಲಿ ಒಂದು ಕರಿಹಲಗೆ ಇರುತ್ತದೆ: ತರಗತಿ, ಗಂಡು, ಹೆಣ್ಣು, ಒಟ್ಟು, ಇಂದಿನ ಹಾಜರಾತಿ. ಅದನ್ನು ಎರಡು ನಿಮಿಷ ನಿಂತು ಓದಿ. ತಾರೀಕು ಇವತ್ತಿನದ್ದೇ ಇದೆಯಾ, ಹೋದ ವಾರದ್ದಾ? ಏಳನೇ ತರಗತಿಯಲ್ಲಿ 22 ಮಕ್ಕಳಿದ್ದು ಒಂದನೇ ತರಗತಿಯಲ್ಲಿ 5 ಇದ್ದರೆ ಊರಿನವರು ಚಿಕ್ಕ ಮಕ್ಕಳನ್ನು ಬೇರೆ ಕಡೆ ಸೇರಿಸುತ್ತಿದ್ದಾರೆ ಎಂದರ್ಥ. ಮಕ್ಕಳ ಸಂಖ್ಯೆ ಇಳಿದರೆ ಹೆಚ್ಚುವರಿ ಎಂದು ಶಿಕ್ಷಕರನ್ನೂ ಬೇರೆಡೆ ಕಳಿಸುತ್ತಾರೆ. ಈಗಿನ ಮೇಷ್ಟ್ರು ಚೆನ್ನಾಗಿದ್ದರೂ ಎರಡು ವರ್ಷದ ನಂತರದ ಕಥೆ ಬೇರೆಯಾಗಬಹುದು. ಉಲ್ಟಾ, ಕೆಳಗಿನ ತರಗತಿಗಳು ತುಂಬಿರುವ ಸರಕಾರಿ ಶಾಲೆ ಸಿಕ್ಕರೆ, ಪಕ್ಕದಲ್ಲಿ ಹೊಳೆಯುವ ಬಸ್ಸಿನ ಖಾಸಗಿ ಶಾಲೆ ಇದ್ದರೂ ನಾನಾದರೆ ಇಲ್ಲೇ ಸೇರಿಸುತ್ತೇನೆ.

ಬೆಂಗಳೂರಿನಿಂದ ಬರುವವರಿಗೆ ಒಂದು ಮಾತು. ಸರಕಾರಿ ಕನ್ನಡ ಶಾಲೆಗಳಲ್ಲಿ 1ರಿಂದ 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿದ್ದರೆ ಗಾಬರಿ ಬೇಡ, ಅದು ಚಟುವಟಿಕೆಗಳ ಮೂಲಕ ಒಟ್ಟಿಗೇ ಕಲಿಸುವ ನಲಿ-ಕಲಿ ಪದ್ಧತಿ. ಕೋಣೆ ಕೊರತೆಯಿಂದ ನಾಲ್ಕು, ಐದನ್ನೂ ಅಲ್ಲೇ ತುಂಬಿದ್ದರೆ ಮಾತ್ರ ಪ್ರಶ್ನೆ ಕೇಳಿ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆ ನಿಮ್ಮ ತಾಲೂಕಿನಲ್ಲಿ ಎಲ್ಲಿದೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಈ ಜಿಲ್ಲೆ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಯಾಗಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡುವಾಗ ಎರಡನ್ನೂ ಕಲಸಬೇಡಿ. ಇನ್ನು ‘ನೂರಕ್ಕೆ ನೂರು ಫಲಿತಾಂಶ’ ಎಂಬ ಬ್ಯಾನರ್ ಕಂಡರೆ ಪರೀಕ್ಷೆಗೆ ಕೂತವರು ಎಷ್ಟು ಜನ ಎಂದು ಕೇಳಿ. ಹನ್ನೆರಡು ಮಕ್ಕಳ ನೂರಕ್ಕೂ ನೂರಿಪ್ಪತ್ತು ಮಕ್ಕಳ ತೊಂಬತ್ತಕ್ಕೂ ವ್ಯತ್ಯಾಸ ಇದೆ, ಅಲ್ವಾ?

ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತರೆ ಇನ್ನೂ ಒಳ್ಳೆಯ ಮಾಹಿತಿ ಸಿಗುತ್ತದೆ. ‘ಶಾಲೆ ಹೇಗಿದೆ?’ ಎಂದರೆ ಎಲ್ಲರೂ ಚಲೋ ಇದೆ ಅನ್ನುತ್ತಾರೆ. ‘ಕ್ಲಾಸಿನಲ್ಲಿ ಎಷ್ಟು ಮಕ್ಕಳು ಟ್ಯೂಷನ್‌ಗೆ ಹೋಗ್ತಾರೆ?’ ಎಂದು ಕೇಳಿ. ಮುಕ್ಕಾಲು ಪಾಲು ಹೋಗುತ್ತಾರೆ ಎಂದಾದರೆ ಆ ಶುಲ್ಕವನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ.

ಕೈಗಾ ವಸತಿ ಪ್ರದೇಶದ ಅಣುಶಕ್ತಿ ಕೇಂದ್ರೀಯ ಶಾಲೆ, ಕಾರವಾರದ ನೇವಿ ಚಿಲ್ಡ್ರನ್ ಸ್ಕೂಲ್ ಹೆಸರು ಕೇಳಿ ಆ ಭಾಗದಲ್ಲಿ ಮನೆ ಹಿಡಿಯುವವರಿದ್ದಾರೆ. ಅಲ್ಲಿ ಆಯಾ ಇಲಾಖೆಯವರ ಮಕ್ಕಳಿಗೆ ಮೊದಲ ಆದ್ಯತೆ. ಸೀಟು ಕೈಗೆ ಬರುವ ಮೊದಲು ಮನೆ ಬೇಡ. ಖಾಸಗಿ ಶಾಲೆಯ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯಡಿಯ ಉಚಿತ) ಸೀಟನ್ನೂ ನೆಚ್ಚಿಕೊಳ್ಳಬೇಡಿ. 2019ರ ನಂತರ ರಾಜ್ಯದಲ್ಲಿ ಹತ್ತಿರ ಸರಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದ ಕಡೆ ಆ ಸೀಟು ಸಿಗುವುದಿಲ್ಲ.

ಜುಲೈನ ದಾರಿ

ಕಾರವಾರದಲ್ಲಿ ಕೆಲಸ, ಬಾಡಿಗೆ ಸ್ವಲ್ಪ ಹಗುರಾಗಲಿ ಎಂದರೆ ಕಣ್ಣು ಹೋಗುವುದು ಊರ ಹೊರಗೆ: ಕಾಳಿ ಹೊಳೆ ದಾಟಿ ಸದಾಶಿವಗಡ, ರೈಲು ನಿಲ್ದಾಣವಿರುವ ಶಿರವಾಡ, ದಕ್ಷಿಣಕ್ಕೆ ಬಿಣಗಾ, ಅರ್ಗಾ, ಅಮದಳ್ಳಿ. ಒಂದೊಂದಕ್ಕೂ ಅದರದ್ದೇ ತಕರಾರು. ಸದಾಶಿವಗಡದವರು ದಿನಾ ಕಾಳಿ ಸೇತುವೆ ದಾಟಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಹಳೆ ಸೇತುವೆ ಕುಸಿದು ಬಿತ್ತು. ಆಮೇಲೆ ಎರಡೂ ಕಡೆಯ ವಾಹನಗಳು ಹೊಸ ಸೇತುವೆ ಮೇಲೇ ಓಡಬೇಕಾಯಿತು. ಅರ್ಗಾ, ಚೆಂಡಿಯಾ ಕಡೆ ಜೋರು ಮಳೆಗೆ ಹೆದ್ದಾರಿಯ ಮೇಲೇ ನೀರು ನಿಲ್ಲುವುದುಂಟು. ಕಾಳಿ ದಂಡೆಯ ಮಲ್ಲಾಪುರ, ಕದ್ರಾ ಕಡೆಯವರಿಗೆ 2019ರ ಆಗಸ್ಟ್ ಇನ್ನೂ ನೆನಪಿದೆ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮನೆಗಳಿಗೇ ನೀರು ನುಗ್ಗಿತ್ತು.

ಅಂಕೋಲಾದಲ್ಲಿ ಮನೆ ಮಾಡಿ ಕಾರವಾರಕ್ಕೆ ಓಡಾಡುವುದೂ ಉಂಟು, ಸುಮಾರು 35 ಕಿ.ಮೀ. ದೊಡ್ಡವರಿಗೆ ಪರವಾಗಿಲ್ಲ, ಮಕ್ಕಳ ಶಾಲೆ ಮಾತ್ರ ಮನೆಯಿದ್ದ ಊರಲ್ಲೇ ಇರಲಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಕುಮಟಾ ಕಡೆಯಿಂದ ಹೆದ್ದಾರಿಯಲ್ಲಿ ಬರಬೇಕಾದವರೆಲ್ಲ ಆಚೆಯೇ ಉಳಿದರು. ಮಳೆ ರಜೆಯನ್ನು ಜಿಲ್ಲಾಧಿಕಾರಿಗಳು ಎಷ್ಟೋ ಸಲ ತಾಲೂಕುವಾರು ಘೋಷಿಸುತ್ತಾರೆ ಎಂಬುದೂ ಗೊತ್ತಿರಲಿ. ಮನೆ ಇರುವ ತಾಲೂಕಿಗೆ ರಜೆ, ಶಾಲೆ ಇರುವ ತಾಲೂಕಿಗೆ ಇಲ್ಲ ಎಂದಾದರೆ ಮಗು ಗೈರುಹಾಜರಿ.

ಘಟ್ಟದ ಮೇಲೆ ಶಿರಸಿಯಲ್ಲಿ ಹೊಳೆಗಿಂತ ಬಸ್ಸಿನ ಚಿಂತೆ ಜಾಸ್ತಿ. ಪೇಟೆಯಿಂದ ಹತ್ತು ಕಿ.ಮೀ. ಆಚೆ ತೋಟದ ನಡುವೆ ಕಡಿಮೆ ಬಾಡಿಗೆಗೆ ಹಂಚಿನ ಮನೆ ಸಿಕ್ಕಬಹುದು. ಆದರೆ ರಾತ್ರಿ ಬಂದು ಉಳಿದು ಬೆಳಿಗ್ಗೆ ಹೊರಡುವ ವಸ್ತಿ ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ? ಸಂಜೆ ಶಾಲೆ ಬಿಟ್ಟ ಮೇಲೆ ಮಗು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ಕಾಯಬೇಕು? ಇದನ್ನು ಮನೆ ಮಾಲೀಕರ ಬದಲು ಪಕ್ಕದ ಮನೆಯ ಹೈಸ್ಕೂಲ್ ಹುಡುಗಿಯನ್ನು ಕೇಳಿ, ನಿಮಿಷದ ಲೆಕ್ಕದಲ್ಲಿ ಹೇಳುತ್ತಾಳೆ. ಶಿರಸಿ ಪೇಟೆಯೊಳಗೆ ಬಿಡಕಿಬೈಲಿನ ಆಸುಪಾಸು ಮನೆ ಮಾಡುವವರಿಗೆ ಇನ್ನೊಂದು ಸೂಚನೆ: ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ, ಅದೂ ಪರೀಕ್ಷೆ ಹತ್ತಿರವಾಗುವ ಹೊತ್ತಿಗೆ. ಮನೆ ತುಂಬ ನೆಂಟರು. ಎಸ್ಸೆಸ್ಸೆಲ್ಸಿ ಮಗು ಇದ್ದವರು ಲೆಕ್ಕ ಹಾಕಿಕೊಳ್ಳಿ. ನನಗೇನೋ ಆ ಗದ್ದಲ ಇಷ್ಟವೇ.

ಬಾಡಿಗೆ ಒಂದೇ ಖರ್ಚಲ್ಲ

ಊರೊಳಗಿನ ಮನೆ 10,000, ಹೊರಗಿನದು 7,000 ಎಂದುಕೊಳ್ಳಿ. ಇಬ್ಬರು ಮಕ್ಕಳ ವ್ಯಾನಿಗೆ ತಲಾ 1,200, ಸ್ಕೂಟರಿನ ಹೆಚ್ಚುವರಿ ಪೆಟ್ರೋಲಿಗೆ 1,000 ಸೇರಿದರೆ ಹೊರಗಿನ ಮನೆಯೇ 10,400 ಆಯಿತು. ವ್ಯಾನಿನವರು ರಜೆ ತಿಂಗಳ ದುಡ್ಡನ್ನೂ ಕೇಳುತ್ತಾರಾ ಎಂದು ವಿಚಾರಿಸಿ. ಬಸ್ ದಾರಿಯಲ್ಲಿ ಮನೆ ಸಿಕ್ಕರೆ ಮಾತ್ರ ಈ ಲೆಕ್ಕ ತಿರುಗುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ, ಗಂಡು ಮಕ್ಕಳಿಗೆ ವಿದ್ಯಾರ್ಥಿ ಪಾಸ್ ಇದೆ. ಕರಾವಳಿಯಲ್ಲಿ ಓಡುವ ಖಾಸಗಿ ಟೆಂಪೊಗಳಿಗೆ ಇದು ಅನ್ವಯಿಸುವುದಿಲ್ಲ. ನಿಮ್ಮ ದಾರಿಯಲ್ಲಿ ಟೆಂಪೊ ಮಾತ್ರ ಇದ್ದರೆ ಪೂರ್ತಿ ದುಡ್ಡು ಕೊಡಲೇಬೇಕು.

ಮನೆ ಒಳಗೆ

ಏಪ್ರಿಲ್‌ನಲ್ಲಿ ನೋಡಿದರೂ ಮಳೆಯ ಗುರುತು ಸಿಗುತ್ತದೆ. ಗೋಡೆಗೆ ಒತ್ತಿಟ್ಟ ಕಪಾಟನ್ನು ಸ್ವಲ್ಪ ಎಳೆದು ಹಿಂಬದಿ ನೋಡಿ. ಬಿಳಿ ಬೂಸಿನ ಕಲೆ ಇದ್ದರೆ ಅಲ್ಲಿ ಶಾಲೆ ಬಟ್ಟೆ ಒಣಗುವುದಿಲ್ಲ. ನೆಲದಿಂದ ಒಂದಡಿ ಎತ್ತರದವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ನೀರು ಎಲ್ಲಿತನಕ ಬಂದಿತ್ತು ಎಂದು ಸುಮ್ನೆ ಕೇಳಿಬಿಡಿ. ಹಿತ್ತಲಿನ ಹಿಂದೆ ಗುಡ್ಡ ಕಡಿದು ಜಾಗ ಮಾಡಿದ್ದರೆ, ಬಾಡಿಗೆ ಅರ್ಧಕ್ಕೆ ಕೊಟ್ಟರೂ ಆ ಮನೆ ಬೇಡ. ಸಮುದ್ರದ ಹತ್ತಿರದ ಬಾವಿ ನೀರನ್ನು ಬೇಸಿಗೆಯಲ್ಲೇ ಬಾಯಿಗೆ ಹಾಕಿ ನೋಡಿ, ಉಪ್ಪು ಗೊತ್ತಾಗುವುದು ಆಗಲೇ.

ಕಾಗದಪತ್ರ

ರಾಜ್ಯದೊಳಗಿಂದ ಬರುವವರು ಹಳೆ ಶಾಲೆಯಿಂದ ಟಿಸಿ ಜೊತೆಗೆ ಮಗುವಿನ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆ ಬರೆಸಿಕೊಳ್ಳಿ. ಹೊಸ ಶಾಲೆ ಸೇರಿಸಿಕೊಳ್ಳುವುದು ಆ ಸಂಖ್ಯೆಯ ಮೇಲೆಯೇ. ಗೋವಾ, ಮಹಾರಾಷ್ಟ್ರ ಕಡೆಯಿಂದ ಬರುವವರು ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕಾ ಎಂದು ಹೊಸ ಶಾಲೆಯಲ್ಲಿ ಮೊದಲೇ ಕೇಳಿಕೊಳ್ಳಿ. ಮತ್ತೆ ವಾಪಸ್ ಓಡುವುದು ತಪ್ಪುತ್ತದೆ. ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲೇ ಶುರು, ರಾಜ್ಯ ಪಠ್ಯಕ್ರಮದವು ಮೇ ಕೊನೆಯಲ್ಲಿ.

ಬಾಡಿಗೆ ಕರಾರು 11 ತಿಂಗಳಿಗೆ ಮಾಡುವುದೇ ರೂಢಿ. ಅದರಲ್ಲಿ ಎರಡು ಸಾಲು ಹೆಚ್ಚಿಗೆ ಬರೆಸಿ. ಮನೆಯೊಳಗೆ ನೀರು ಬಂದರೆ ಇಲ್ಲವೇ ಸೋರಿದರೆ ಒಂದು ತಿಂಗಳ ನೋಟಿಸಿನಲ್ಲಿ ಬಿಡಬಹುದು ಎಂಬುದು ಒಂದು. ಡೆಪಾಸಿಟ್ ಎಷ್ಟು ದಿನದೊಳಗೆ ವಾಪಸ್ ಎಂಬುದು ಇನ್ನೊಂದು. ಕೀಲಿಕೈ ತೆಗೆದುಕೊಳ್ಳುವ ದಿನವೇ ಕರೆಂಟ್ ಮೀಟರಿನ ಆರ್‌ಆರ್ ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಬರೆದುಕೊಂಡು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ನಿಮ್ಮ ಆಧಾರ್ ಜೋಡಿಸಿ. ಹಿಂದಿನ ಬಾಡಿಗೆದಾರರ ಹೆಸರು ಅದರಲ್ಲಿ ಇನ್ನೂ ಇದ್ದರೆ ಮೊದಲು ಅವರಿಂದಲೇ ತೆಗೆಸಬೇಕು.