ದೋಣಿಯ ಒಲೆಯ ಮೇಲೆ ಗರಿಗರಿ ಟೋಸ್ಟ್

ಹಾಯಿದೋಣಿಯಲ್ಲಿ ಬೆಳಗಿನ ತಿಂಡಿಗೆ ಬ್ರೆಡ್‌ನಷ್ಟು ಅನುಕೂಲದ್ದು ಇನ್ನೊಂದಿಲ್ಲ. ಹಿಟ್ಟು ಕಲಸಬೇಕಿಲ್ಲ, ಪಾತ್ರೆ ಜಾಸ್ತಿ ಆಗುವುದಿಲ್ಲ, ಸಿಹಿನೀರು ಖರ್ಚಾಗುವುದಿಲ್ಲ. ಆದರೆ ಕಡಲಿನ ತೇವಗಾಳಿಯಲ್ಲಿ ಎರಡು ಮೂರು ದಿನ ಕಳೆದ ಬ್ರೆಡ್ ಹಾಗೇ ತಿನ್ನಲು ರುಚಿಸುವುದಿಲ್ಲ. ಒಂದು ಕಡೆ ಜಿಗುಟು, ಇನ್ನೊಂದು ಕಡೆ ಒರಟು. ಅದನ್ನು ಬಿಸಿ ಮಾಡಿ ಗರಿಗರಿಯಾಗಿಸಿದರೆ ಮಾತ್ರ ಮತ್ತೆ ರುಚಿ ಬರುತ್ತದೆ.

ಹಾಗಾದರೆ ಮನೆಯ ಟೋಸ್ಟರ್ ಒಂದನ್ನು ದೋಣಿಗೆ ಒಯ್ದರೆ ಆಗದೇ? ಲೆಕ್ಕ ಹಾಕಿ ನೋಡಿ. ಸಾಮಾನ್ಯ ಟೋಸ್ಟರ್‌ಗೆ 800ರಿಂದ 1000 ವ್ಯಾಟ್ ಬೇಕು. ಚಿಕ್ಕ ದೋಣಿಗಳ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್‌ನದು. 900 ವ್ಯಾಟನ್ನು 12ರಿಂದ ಭಾಗಿಸಿದರೆ 75 ಆಂಪಿಯರ್. ಇನ್‌ವರ್ಟರ್ ತಾನು ನುಂಗುವುದನ್ನೂ ಸೇರಿಸಿದರೆ 80 ದಾಟುತ್ತದೆ. ಮೂರು ನಿಮಿಷಕ್ಕೆ ಆಗುವ ಒಟ್ಟು ಖರ್ಚು ನಾಲ್ಕು ಆಂಪಿಯರ್-ಅವರ್ ಆಸುಪಾಸು, ಅದೇನೂ ದೊಡ್ಡದಲ್ಲ. ತೊಂದರೆ ಇರುವುದು ಒಮ್ಮೆಲೇ ಅಷ್ಟು ಕರೆಂಟ್ ಎಳೆಯುವುದರಲ್ಲಿ. ಅದಕ್ಕೆ ದೊಡ್ಡ ಇನ್‌ವರ್ಟರ್ ಬೇಕು, ದಪ್ಪ ತಂತಿ ಬೇಕು. ಉಪ್ಪುಗಾಳಿಗೆ ಟೋಸ್ಟರ್ ಒಳಗಿನ ತಂತಿಗಳೂ ಬೇಗ ಹಾಳಾಗುತ್ತವೆ. ಕೈಗೆಟುಕುವಲ್ಲೇ ಗ್ಯಾಸ್ ಒಲೆ ಇರುವಾಗ ಇಷ್ಟೆಲ್ಲ ಯಾಕೆ, ಅಲ್ವಾ?

ಮೊದಲು ನೀರು, ಆಮೇಲೆ ಬಣ್ಣ

ಟೋಸ್ಟ್ ಮಾಡುವುದೆಂದರೆ ಎರಡು ಕೆಲಸ. ಮೊದಲು ಬ್ರೆಡ್‌ನ ಮೇಲ್ಪದರದ ನೀರು ಆರಬೇಕು. ಆಮೇಲೆ ಆ ಪದರ ಕಂದಾಗಬೇಕು. ಬ್ರೆಡ್‌ನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರೇ ಇರುತ್ತದೆ. ಆ ನೀರು ಇರುವತನಕ ಮೇಲ್ಮೈ 100 ಡಿಗ್ರಿ ಸೆಲ್ಸಿಯಸ್ ದಾಟಿ ಮೇಲೇರಲಾರದು. ಹೊಂಬಣ್ಣ, ಸುಟ್ಟ ಪರಿಮಳ ಎರಡೂ ಚುರುಕಾಗಿ ಬರಲು ಸುಮಾರು 140 ಡಿಗ್ರಿ ಬೇಕು. ಹಿಟ್ಟಿನ ಸಕ್ಕರೆ ಮತ್ತು ಪ್ರೋಟೀನ್ ಸೇರಿ ನಡೆಯುವ ಈ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಕಾಮಿಲ್ ಮೈಲಾರ್ಡ್ ವಿವರಿಸಿದ. ಅವನ ಹೆಸರಲ್ಲೇ ಅದನ್ನು ಇಂದಿಗೂ ಕರೆಯುತ್ತಾರೆ.

ಇದೊಂದು ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಶುರುವಿನಲ್ಲೇ ಉರಿ ದೊಡ್ಡದು ಮಾಡಿದರೆ ಹೊರಗೆ ಸೀದು ಹೋಗುತ್ತದೆ, ಒಳಗೆ ಹಸಿಹಸಿಯಾಗೇ ಉಳಿಯುತ್ತದೆ. ಉರಿ ತೀರಾ ಸಣ್ಣದಾದರೆ ಬಣ್ಣ ಬರುವ ಹೊತ್ತಿಗೆ ಇಡೀ ಸ್ಲೈಸ್ ಒಣಗಿ ರಸ್ಕ್ ಆಗಿರುತ್ತದೆ. ನಮಗೆ ಬೇಕಾದ್ದು ಮಧ್ಯದ ದಾರಿ. ಮೇಲೆ ತೆಳ್ಳಗಿನ ಗರಿಗರಿ ಪದರ, ನಡುವೆ ಮೆತ್ತಗಿನ ತಿರುಳು.

ಬ್ರೆಡ್ ಹೇಗಿರಬೇಕು

ಕೊಯ್ಯದ ಇಡೀ ಬ್ರೆಡ್ ಕೊಂಡರೆ ಒಳ್ಳೆಯದು. ಸ್ಲೈಸ್ ಮಾಡಿದ್ದಕ್ಕಿಂತ ನಿಧಾನವಾಗಿ ಒಣಗುತ್ತದೆ, ಬೂಷ್ಟು ಹಿಡಿಯುವುದೂ ತಡ. ತಿನ್ನುವ ದಿನ ಬೆರಳು ದಪ್ಪಕ್ಕಿಂತ ಸ್ವಲ್ಪ ಕಡಿಮೆ, ಒಂದು ಸೆಂಟಿಮೀಟರ್‌ನಷ್ಟು ದಪ್ಪಕ್ಕೆ ಕೊಯ್ಯಿರಿ. ಒಂದು ದಿನ ಹಳೆಯದಾದರೆ ಇನ್ನೂ ಚೆನ್ನ. ಹಳಸಲು ಬ್ರೆಡ್ ಬಿರುಸಾಗುವುದು ನೀರು ಆರಿ ಹೋಗಿದ್ದಕ್ಕೆ ಮಾತ್ರವಲ್ಲ, ಹಿಟ್ಟಿನ ಪಿಷ್ಟ ಗಟ್ಟಿಯಾಗಿ ಕೂತಿದ್ದಕ್ಕೆ. ಬಿಸಿ ತಾಗಿದಾಗ ಅದು ಮತ್ತೆ ಸಡಿಲಾಗುತ್ತದೆ. ಅದಕ್ಕೇ ನಿನ್ನೆಯ ಬ್ರೆಡ್ ಟೋಸ್ಟ್ ಆದ ಮೇಲೆ ಇವತ್ತಿನದರಂತೆ ಆಗುವುದು.

ಬೂಷ್ಟು ಬಂದಿದ್ದರೆ ಮಾತ್ರ ಇಡೀ ಬ್ರೆಡ್ಡನ್ನೇ ಎಸೆಯಿರಿ. ಕಾಣುವ ಕಲೆಯನ್ನು ಕೆರೆದು ತೆಗೆದರೆ ಸಾಲದು. ಅದರ ಎಳೆಗಳು ಕಣ್ಣಿಗೆ ಕಾಣದ ಹಾಗೆ ಒಳಗಿಳಿದಿರುತ್ತವೆ. ಅದರ ವಿಷ ಒಲೆಯ ಬಿಸಿಗೆ ಪೂರ್ತಿ ಹೋಗುತ್ತದೆಂದು ನಂಬುವ ಹಾಗಿಲ್ಲ. ಕಡಲ ನಡುವೆ ಹೊಟ್ಟೆ ಕೆಟ್ಟರೆ ಡಾಕ್ಟರ್ ಸಿಗುವುದಿಲ್ಲ.

ಕಾವಲಿಯಲ್ಲಿ ಮಾಡುವ ಬಗೆ

ಎಲ್ಲ ದೋಣಿಗೂ, ಎಲ್ಲ ಒಲೆಗೂ ಹೊಂದುವ ದಾರಿ ಇದು. ಹೊಸದಾಗಿ ಕಲಿಯುವವರು ಇದರಿಂದಲೇ ಶುರು ಮಾಡಲಿ ಎನ್ನುವುದು ನನ್ನ ಅಭಿಪ್ರಾಯ. ಬೇಕಾದ್ದು ದಪ್ಪ ಕಬ್ಬಿಣದ ಕಾವಲಿ. ಅಂಚು ಸ್ವಲ್ಪ ಎತ್ತರವಿದ್ದರೆ ಸ್ಲೈಸ್ ಜಾರಿ ಬೀಳುವುದಿಲ್ಲ. ತೆಳು ಅಲ್ಯೂಮಿನಿಯಂ ಬೇಡ, ಉರಿ ತಾಗಿದಲ್ಲೇ ಕಾದು ನಡುವೆ ಕಪ್ಪು ಚಕ್ಕೆ ಮೂಡಿಸುತ್ತದೆ. ನಾನ್‌ಸ್ಟಿಕ್ ಕೂಡ ಬೇಡ. ಖಾಲಿ ಕಾಯಿಸಿದ ನಾನ್‌ಸ್ಟಿಕ್ ಬಾಣಲೆ ಬಹಳ ಬೇಗ 260 ಡಿಗ್ರಿ ಮುಟ್ಟುತ್ತದೆ. ಅಲ್ಲಿಂದ ಮುಂದೆ ಅದರ ಲೇಪ ಕೆಡಲು ಶುರುವಾಗುತ್ತದೆ. ಆ ಹೊಗೆ ಪುಟ್ಟ ಕ್ಯಾಬಿನ್‌ನಲ್ಲಿ ತುಂಬುವುದು ಒಳ್ಳೆಯದಲ್ಲ.

ಕಾವಲಿಯನ್ನು ಒಲೆಯ ಮೇಲಿಟ್ಟು ಪಾತ್ರೆ ಹಿಡಿದಿಡುವ ಕಂಬಿಗಳನ್ನು ಎರಡೂ ಕಡೆಯಿಂದ ಬಿಗಿ ಮಾಡಿ. ಮಧ್ಯಮ ಉರಿಯಲ್ಲಿ ಮೂರು ನಿಮಿಷ ಕಾಯಿಸಿ. ಒಂದು ಹನಿ ನೀರು ಚಿಮುಕಿಸಿದರೆ ಚುಂಯ್ ಎಂದು ತಕ್ಷಣ ಆರಬೇಕು. ಈಗ ಉರಿ ಸಣ್ಣದು ಮಾಡಿ ಸ್ಲೈಸ್ ಇಡಿ. ಎಣ್ಣೆ, ಬೆಣ್ಣೆ ಏನೂ ಬೇಡ. ಮೊದಲೇ ಬೆಣ್ಣೆ ಹಾಕಿದರೆ ಅದು ಹುರಿದ ಬ್ರೆಡ್. ಅದರ ರುಚಿ ಬೇರೆ. ದೋಣಿ ಓಲಾಡುವಾಗ ಬಿಸಿ ಜಿಡ್ಡು ಕೈಮೇಲೆ ಚೆಲ್ಲುವ ಅಪಾಯವೂ ಇದೆ.

ಮೊದಲ ಒಂದು ನಿಮಿಷ ಏನೂ ಆಗದಂತೆ ಕಾಣುತ್ತದೆ. ಹತ್ತಿರ ಬಗ್ಗಿ ನೋಡಿದರೆ ಸ್ಲೈಸಿನ ಮೇಲಿನಿಂದ, ಅಂಚಿನಿಂದ ತೆಳ್ಳಗೆ ಹಬೆ ಏಳುತ್ತಿರುತ್ತದೆ. ಅದು ನೀರು ಹೊರಡುತ್ತಿರುವ ಗುರುತು. ಬಣ್ಣಕ್ಕೆ ಕಾಯದೆ ಇಲ್ಲೇ ಒಮ್ಮೆ ಮಗುಚಿ. ಇನ್ನೊಂದು ಮಗ್ಗುಲೂ ಒಂದು ನಿಮಿಷ ಆರಲಿ. ಎರಡೂ ಕಡೆ ಮೊದಲು ಆರಿಸಿ, ಆಮೇಲೆ ಬಣ್ಣ ತರಿಸುವುದೇ ಕಾವಲಿ ಟೋಸ್ಟಿನ ಗುಟ್ಟು. ಒಂದೇ ಮಗ್ಗುಲನ್ನು ಕೊನೆತನಕ ಕಾಯಿಸಿದರೆ ಹಬೆಯೆಲ್ಲ ಮೇಲಿನ ಮಗ್ಗುಲಿಗೆ ಸೇರಿ ಅದು ಒದ್ದೆಯಾಗುತ್ತದೆ.

ಆರುತ್ತಾ ಬಂದಂತೆ ಸ್ಲೈಸ್ ಸ್ವಲ್ಪ ಬಾಗುತ್ತದೆ. ನಡುಭಾಗ ಕಾವಲಿಯಿಂದ ಮೇಲೆದ್ದು ಬೆಳ್ಳಗೇ ಉಳಿಯುತ್ತದೆ. ಅದಕ್ಕೆ ದೋಸೆ ಮಗುಚುವ ಕೈಯಿಂದ ಮೆಲ್ಲಗೆ ಅದುಮಿ. ಜೋರಾಗಿ ಒತ್ತಿದರೆ ತಿರುಳು ಚಪ್ಪಟೆಯಾಗಿ ಟೋಸ್ಟ್ ಹಪ್ಪಳದಂತಾಗುತ್ತದೆ. ಹಬೆ ಕಡಿಮೆಯಾದ ಮೇಲೆ ಸ್ಲೈಸನ್ನು ಕಾವಲಿಯ ಮೇಲೆ ಸುಮ್ನೆ ಒಮ್ಮೆ ಜರುಗಿಸಿ ನೋಡಿ. ಮೆತ್ತಗೆ ಅಂಟಿಕೊಂಡು ಬಂದರೆ ಇನ್ನೂ ಹಸಿ. ಕರ್ ಎಂದು ಸದ್ದು ಮಾಡಿದರೆ ಮೇಲ್ಪದರ ಆರಿದೆ ಎಂದರ್ಥ. ಇನ್ನು ಕಣ್ಣು ಬೇರೆ ಕಡೆ ಹೋಗಬಾರದು. ಇಲ್ಲಿಂದ ಹೊಂಬಣ್ಣಕ್ಕೆ ಒಂದು ನಿಮಿಷವೂ ಬೇಡ, ಅಲ್ಲಿಂದ ಕಪ್ಪಾಗಲು ಅರ್ಧ ನಿಮಿಷ ಸಾಕು.

ಎರಡನೇ ಸುತ್ತಿಗೆ ಕಾವಲಿ ಮೊದಲಿಗಿಂತ ಜಾಸ್ತಿ ಕಾದಿರುತ್ತದೆ. ಅದೇ ಉರಿಯಲ್ಲಿ ಇಟ್ಟರೆ ಸೀಯುತ್ತದೆ. ಉರಿ ಇನ್ನಷ್ಟು ತಗ್ಗಿಸಿ. ಮುಚ್ಚಳವನ್ನಂತೂ ಮುಚ್ಚಲೇಬೇಡಿ. ಹೊರಟ ಹಬೆ ಮತ್ತೆ ಬ್ರೆಡ್ಡಿಗೇ ಇಳಿಯುತ್ತದೆ.

ಸೀಮೆಎಣ್ಣೆ ಅಥವಾ ಸ್ಪಿರಿಟ್ ಒಲೆ ಇರುವ ಹಳೆಯ ದೋಣಿಗಳಲ್ಲಿ ಕಾವಲಿ ಬಿಟ್ಟು ಬೇರೆ ದಾರಿ ಹಿಡಿಯಬೇಡಿ. ನೇರ ಉರಿಯ ಮೇಲೆ ಹಿಡಿದ ಬ್ರೆಡ್ ಇಂಧನದ ವಾಸನೆಯನ್ನು ಹೀರಿಕೊಳ್ಳುತ್ತದೆ. ಸ್ಪಿರಿಟ್ ಉರಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಒಲೆ ಆರಿದೆ ಎಂದು ಖಾತ್ರಿಯಾಗದೆ ಮತ್ತೆ ಸ್ಪಿರಿಟ್ ಸುರಿಯಬಾರದು.

ಜಾಲರಿ, ಗ್ರಿಲ್, ಮುಚ್ಚುವ ಟೋಸ್ಟರ್

ನಮ್ಮ ಕಡೆ ಫುಲ್ಕಾ ಉಬ್ಬಿಸಲು, ಹಪ್ಪಳ ಸುಡಲು ಬಳಸುವ ಹಿಡಿಕೆಯ ಜಾಲರಿ ಇದೆಯಲ್ಲ, ಅದು ಗ್ಯಾಸ್ ಒಲೆಯ ಮೇಲೆ ಒಳ್ಳೆಯ ಟೋಸ್ಟರ್. ಹೊರದೇಶಗಳಲ್ಲೂ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಕೆಳಗೆ ತೂತಿನ ತಗಡು, ಮೇಲೆ ತಂತಿ ಇರುವಂಥದ್ದನ್ನು ಆರಿಸಿ. ತಗಡು ಉರಿಯನ್ನು ಹರಡುತ್ತದೆ, ತಂತಿ ಬ್ರೆಡ್ಡನ್ನು ಬಿಸಿ ತಗಡಿನಿಂದ ಮೇಲೆ ಹಿಡಿಯುತ್ತದೆ. ಹಬೆಗೆ ಕೆಳಗೂ ಮೇಲೂ ದಾರಿ ಇರುವುದರಿಂದ ಕಾವಲಿಗಿಂತ ಇದರಲ್ಲಿ ಟೋಸ್ಟ್ ಹೆಚ್ಚು ಗರಿಗರಿ. ಅರ್ಧ ಅರ್ಧ ನಿಮಿಷಕ್ಕೆ ಮಗುಚುತ್ತಾ, ಜಾಗ ಬದಲಿಸುತ್ತಾ ಇರಬೇಕು. ಆದರೆ ಚಪ್ಪಟೆ ಜಾಲರಿಯನ್ನು ಒಲೆಯ ಕಂಬಿಗಳು ಹಿಡಿಯಲಾರವು. ಲಂಗರು ಹಾಕಿ ನಿಂತಾಗ, ನೀರು ಶಾಂತವಾಗಿರುವಾಗ ಮಾತ್ರ ಇದನ್ನು ಬಳಸಿ.

ಕೆಲವು ದೋಣಿಗಳ ಒಲೆಯಲ್ಲಿ ಬರ್ನರ್‌ಗಳ ಕೆಳಗೆ ಗ್ರಿಲ್ ಇರುತ್ತದೆ. ನಾಲ್ಕು ಸ್ಲೈಸ್ ಒಟ್ಟಿಗೆ ಆಗುವುದು ಅದರ ಲಾಭ. ಮೊದಲು ಮೂರು ನಾಲ್ಕು ನಿಮಿಷ ಕಾಯಿಸಿ, ಆಮೇಲೆ ಟ್ರೇ ಒಳಗಿಡಿ. ಬಾಗಿಲು ತೆರೆದಿಡಬೇಕೋ ಮುಚ್ಚಬೇಕೋ ಎನ್ನುವುದನ್ನು ಒಲೆಯ ಜೊತೆ ಬಂದ ಪುಸ್ತಕದಲ್ಲಿ ನೋಡಿಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ. ಹಾಯಿದೋಣಿಯ ಒಲೆ ಎರಡು ತಿರುಗಣೆಗಳ ಮೇಲೆ ತೂಗುತ್ತಿರುತ್ತದೆ, ದೋಣಿ ಪಕ್ಕಕ್ಕೆ ವಾಲಿದರೂ ಒಲೆ ಸಮವಾಗಿ ನಿಲ್ಲಲಿ ಎಂದು. ಬಾಗಿಲು ತೆರೆದು ಟ್ರೇ ಹೊರಗೆಳೆದ ಕ್ಷಣ ಭಾರ ಮುಂದಕ್ಕೆ ಬಂದು ಒಲೆ ನಿಮ್ಮ ಕಡೆಗೇ ವಾಲಬಹುದು. ಮೇಲೆ ಟೀ ನೀರು ಕುದಿಯುತ್ತಿದ್ದರೆ ಅದೂ ಜೊತೆಗೇ ಬರುತ್ತದೆ. ಹಾಗಾಗಿ ಗ್ರಿಲ್ ಬಳಸುವಾಗ ಮೇಲಿನ ಬರ್ನರ್ ಖಾಲಿ ಇರಲಿ.

ಅಲೆ ಜೋರಿರುವಾಗ ನನಗೆ ಹಿಡಿಸುವುದು ಎರಡು ರೆಕ್ಕೆ ಮಡಚಿ ಮುಚ್ಚುವ, ಉದ್ದ ಹಿಡಿಕೆಯ ಗ್ಯಾಸ್ ಟೋಸ್ಟರ್. ನಮ್ಮ ಎಷ್ಟೋ ಮನೆಗಳಲ್ಲಿ ಈಗಲೂ ಅಟ್ಟದ ಮೇಲೆ ಒಂದು ಇದ್ದೇ ಇರುತ್ತದೆ. ಬ್ರೆಡ್ ಒಳಗೇ ಬಂದಿಯಾಗಿರುವುದರಿಂದ ಬೀಳುವ ಭಯವಿಲ್ಲ. ಆದರೆ ಹಬೆ ಹೊರಗೆ ಹೋಗಲು ದಾರಿ ಕಡಿಮೆ. ಬರೀ ಬ್ರೆಡ್ ಹಾಕಿದರೆ ಮೆತ್ತಗಾಗುತ್ತದೆ. ಹೊರಮೈಗೆ ತೆಳ್ಳಗೆ ಬೆಣ್ಣೆ ಸವರಿ, ಒಳಗೆ ನಿನ್ನೆ ಉಳಿದ ಆಲೂಗಡ್ಡೆ ಪಲ್ಯ ತುಂಬಿ ಒಂದೊಂದು ಮಗ್ಗುಲು ಎರಡು ನಿಮಿಷ ಕಾಯಿಸಿ. ಮಧ್ಯೆ ಒಂದೆರಡು ಸಲ ಸ್ವಲ್ಪ ತೆರೆದು ಹಬೆ ಬಿಟ್ಟರೆ ಚೆನ್ನಾಗಿ ಗರಿಯಾಗುತ್ತದೆ. ಹಿಡಿಕೆಯನ್ನು ಒಲೆಯ ಮೇಲೆ ಬಿಟ್ಟು ಹೋಗಬೇಡಿ, ಕೈಯಲ್ಲೇ ಇರಲಿ.

ಗ್ಯಾಸಿನ ವಿಷಯದಲ್ಲಿ ಸಡಿಲ ಬೇಡ

ಮನೆಯಲ್ಲಿ ಗ್ಯಾಸ್ ಸೋರಿದರೆ ಬಾಗಿಲಿನ ಸಂದಿಯಿಂದ ಒಂದಿಷ್ಟಾದರೂ ಹೊರಗೆ ಹೋಗುತ್ತದೆ. ದೋಣಿಯಲ್ಲಿ ಹಾಗಲ್ಲ. ಅಡುಗೆ ಅನಿಲದ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯುಟೇನ್ ಎರಡು ಪಟ್ಟು. ಸೋರಿದ್ದು ಕೆಳಗಿಳಿದು ದೋಣಿಯ ತಳದಲ್ಲಿ ನಿಲ್ಲುತ್ತದೆ. ತಳಕ್ಕೆ ಕಿಟಕಿ ಇಲ್ಲ. ಅಲ್ಲೇ ಬ್ಯಾಟರಿ, ಪಂಪು ಎಲ್ಲ ಇರುತ್ತವೆ. ಒಂದು ಸ್ವಿಚ್ಚಿನ ಕಿಡಿ ಸಾಕು.

ಅದಕ್ಕೇ ಕ್ರಮ ತಪ್ಪಬಾರದು. ಹೊತ್ತಿಸುವಾಗ ಮೊದಲು ಕ್ಯಾಬಿನ್‌ನ ಕಿಂಡಿ ತೆರೆಯಿರಿ, ಬೆಂಕಿಕಡ್ಡಿ ಅಥವಾ ಲೈಟರ್ ಕೈಗೆ ತೆಗೆದುಕೊಳ್ಳಿ, ಆಮೇಲೆ ಸಿಲಿಂಡರ್ ವಾಲ್ವ್, ಕೊನೆಗೆ ಒಲೆಯ ಗುಬುಟು. ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ವ್ಯವಸ್ಥೆ ಇರುವ ಒಲೆಯಲ್ಲಿ ಗುಬುಟನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಉರಿ ನೀಲಿಯಾಗಿರಬೇಕು. ಹಳದಿಯಾದರೆ ಗಾಳಿ ಸಾಲದು ಎಂದರ್ಥ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ವಾಸನೆಯೂ ಇಲ್ಲ. ಚಳಿ ಎಂದು ಟೋಸ್ಟ್ ಆದ ಮೇಲೂ ಒಲೆ ಉರಿಸುತ್ತಾ ಕೂರಬೇಡಿ.

ಆರಿಸುವಾಗಲೂ ಒಂದು ಕ್ರಮ ಇದೆ. ಮೊದಲು ಸಿಲಿಂಡರ್ ಬಂದ್ ಮಾಡಿ, ಕೊಳವೆಯಲ್ಲಿ ಉಳಿದ ಗ್ಯಾಸ್ ಉರಿದು ತಾನೇ ಆರಲಿ, ಆಮೇಲೆ ಗುಬುಟು ಮುಚ್ಚಿ. ಗ್ಯಾಸ್ ವಾಸನೆ ಬಂದರೆ ಸಿಲಿಂಡರ್ ಮುಚ್ಚಿ, ಕಿಂಡಿಗಳನ್ನೆಲ್ಲ ತೆರೆದು, ಎಲ್ಲರನ್ನೂ ಮೇಲಿನ ಡೆಕ್ಕಿಗೆ ಕಳಿಸಿ. ಲೈಟಿನ ಸ್ವಿಚ್ ಕೂಡ ಮುಟ್ಟಬೇಡಿ.

ಬೆಂಕಿ ಆರಿಸುವ ಹೊದಿಕೆ ಕೈಗೆಟುಕುವಲ್ಲಿರಲಿ, ಆದರೆ ಒಲೆಯ ಹಿಂದೆ ಬೇಡ. ಉರಿಯ ಮೇಲೆ ಕೈ ಚಾಚಿ ಅದನ್ನು ತೆಗೆಯಲಾಗದು. ದೋಣಿ ವಾಲುತ್ತಿದ್ದರೆ ನಿಲ್ಲುವಾಗ ಬೀಳದಂತೆ ಹಿಡಿದಿಡುವ ಸೊಂಟದ ಪಟ್ಟಿ ಬಿಗಿದುಕೊಳ್ಳಿ. ಒಲೆಗೆ ನೇರ ಎದುರು ನಿಲ್ಲದೆ ಒಂದು ಪಕ್ಕಕ್ಕೆ ನಿಲ್ಲಿ. ಬರಿಗಾಲು ಬೇಡ. ಸೆಕೆಯಾದರೂ ಪ್ಯಾಂಟ್ ಹಾಕಿಕೊಂಡೇ ಅಡುಗೆ ಮಾಡಿ.

ಆದ ಮೇಲೆ

ಟೋಸ್ಟನ್ನು ಒಂದರ ಮೇಲೊಂದು ಪೇರಿಸಬೇಡಿ. ಒಳಗಿನ ಹಬೆ ಹೊರಬಂದು ಕೆಳಗಿನದು ತೊಯ್ದು ಹೋಗುತ್ತದೆ. ಎರಡನ್ನು ಗುಡಾರದಂತೆ ಒಂದಕ್ಕೊಂದು ಒರಗಿಸಿ ಒಂದು ನಿಮಿಷ ಬಿಡಿ, ಆಮೇಲೆ ಬೆಣ್ಣೆ ಹಚ್ಚಿ. ಕಪ್ಪಾದ ಭಾಗ ಕೆರೆಯುವುದಿದ್ದರೆ ಹೊರಗೆ, ಗಾಳಿ ದೋಣಿಯಿಂದ ಆಚೆಗೆ ಬೀಸುವ ಮಗ್ಗುಲಲ್ಲಿ ಕೆರೆಯಿರಿ. ಪುಡಿ ಒಳಗೆ ಬಿದ್ದರೆ ತಳಕ್ಕೆ ಸೇರಿ ನೀರು ಹೊರಹಾಕುವ ಪಂಪಿನ ಜರಡಿಗೆ ಕೂರುತ್ತದೆ. ಜಿರಳೆಗಳಿಗೂ ಕರೆ ಕೊಟ್ಟಂತೆ. ಕಾವಲಿಯನ್ನು ಬಿಸಿ ಇರುವಾಗಲೇ ಒರೆಸಿ ತೆಳ್ಳಗೆ ಎಣ್ಣೆ ಸವರಿಡಿ. ಒಂದು ರಾತ್ರಿ ಬಿಟ್ಟರೆ ಉಪ್ಪುಗಾಳಿಗೆ ತುಕ್ಕು ಬರುತ್ತದೆ.

ದೂರದ ಪ್ರಯಾಣವಾದರೆ ಬ್ರೆಡ್ ಪೂರ್ತಿ ಕೆಡುವ ಮೊದಲೇ ಒಂದಷ್ಟನ್ನು ಒಣಗಿಸಿಡುವುದು ಜಾಣತನ. ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್‌ನಲ್ಲಿ ಗೋವಾದಿಂದ ಐಎನ್‌ಎಸ್‌ವಿ ತಾರಿಣಿ ಎಂಬ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆಗೆ ಹೊರಟರು. ನ್ಯೂಜಿಲೆಂಡ್‌ನ ಲಿಟಲ್‌ಟನ್ ಬಿಟ್ಟ ಮೇಲೆ ಅವರ ಮುಂದಿನ ನಿಲ್ದಾಣ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಆಚೆಗಿನ, ಫಾಕ್‌ಲ್ಯಾಂಡ್ ದ್ವೀಪಗಳ ಪೋರ್ಟ್ ಸ್ಟ್ಯಾನ್ಲಿ. ನಡುವೆ ಬೇಕರಿ ಇರುವ ಒಂದು ಊರೂ ಇಲ್ಲ. ಅಂಥ ದಾರಿಗೆ ತೆಳು ಸ್ಲೈಸ್‌ಗಳನ್ನು ಅತಿ ಸಣ್ಣ ಉರಿಯ ಕಾವಲಿಯಲ್ಲಿ ಮಗುಚುತ್ತಾ ನಡುಭಾಗವೂ ಒಣಗುವತನಕ ಕಾಯಿಸಬೇಕು. ಮುರಿದಾಗ ಪಟ್ ಎನ್ನಬೇಕು, ಬಾಗಬಾರದು. ಪೂರ್ತಿ ತಣ್ಣಗಾದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಮುಚ್ಚಿ. ಬಿಸಿ ಇರುವಾಗಲೇ ಮುಚ್ಚಿದರೆ ಡಬ್ಬಿಯೊಳಗೇ ಬೆವರುತ್ತದೆ. ಕಡಲ ಸಂಕಟಕ್ಕೆ ಬೇರೇನೂ ಸೇರದೆ ಮಲಗಿದವರಿಗೆ ಇದರ ಒಂದು ತುಂಡು, ಒಂದೆರಡು ಗುಟುಕು ನೀರು ಕೊಡಿ. ಬೆಣ್ಣೆ, ಜಾಮ್ ಅವರು ಎದ್ದು ಕೂತ ಮೇಲೆ ಸಾಕು.